ಎಸ್ಲಿಂಗೆನ್ನಿನ ಮೂರನೆಯ ಮಹಡಿಯಲ್ಲಿ ನಮ್ಮ ಗೋದಲಿ

ಕರಾವಳಿಯಲ್ಲಿ ಕ್ರಿಸ್ಮಸ್ ಹಬ್ಬವನ್ನು ಯಾರೂ ಆರಂಭಿಸಬೇಕಾಗಿಲ್ಲ. ಡಿಸೆಂಬರ್ ಹತ್ತು ದಾಟುತ್ತಿದ್ದಂತೆ ಯಾರದೋ ಅಡುಗೆಮನೆಯಿಂದ ಕಾದ ಎಣ್ಣೆಯ ಪರಿಮಳ ಬರುತ್ತದೆ, ಚರ್ಚಿನ ಯುವಕರು ರಾತ್ರಿ ಹೊತ್ತು ಕ್ಯಾರಲ್ ಹಾಡುತ್ತ ಮನೆಮನೆಗೆ ಬರುತ್ತಾರೆ, ಅವರ ನಡುವೆ ಮುಖವಾಡ ತೊಟ್ಟ ಸಾಂತಾ ಕುಣಿದು ಮಿಠಾಯಿ ಹಂಚುತ್ತಾನೆ. ತಂದೆತಾಯಿ ಏನನ್ನೂ ಯೋಚಿಸದಿದ್ದರೂ ಮಕ್ಕಳಿಗೆ ಹಬ್ಬ ಸಿಕ್ಕಿಬಿಡುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್ ಪಟ್ಟಣದಲ್ಲಿ, ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ, ಆರು ವರ್ಷದ ಮಗಳು ಮತ್ತು ಮೂರು ವರ್ಷದ ಮಗನೊಂದಿಗೆ ವಾಸಿಸುವ ನಮಗೆ ಆ ಅನುಕೂಲವಿಲ್ಲ. ಇಲ್ಲಿಯೂ ಕ್ರಿಸ್ಮಸ್ ತಾನಾಗಿಯೇ ಬರುತ್ತದೆ, ಊರಿಗಿಂತ ಹೆಚ್ಚು ಸಡಗರದಿಂದಲೇ ಬರುತ್ತದೆ. ಆದರೆ ಅದು ಇಲ್ಲಿಯವರ ಕ್ರಿಸ್ಮಸ್. ಅದರೊಳಗೆ ನಮ್ಮದನ್ನು ಎಲ್ಲಿ ಇಡುವುದು, ಎಷ್ಟು ಇಡುವುದು ಎಂಬುದನ್ನು ನಾವೇ ಕುಳಿತು ತೀರ್ಮಾನಿಸಬೇಕಾಯಿತು.

ನಮ್ಮದು ಎಂದರೂ ಅದು ಒಂದೇ ಅಲ್ಲ. ನಾನು ಕಿನ್ನಿಗೋಳಿಯ ಕಥೋಲಿಕ ಮನೆಯವಳು, ಮನೆಮಾತು ಕೊಂಕಣಿ. ಗಂಡ ಮಂಗಳೂರಿನ ಬಲ್ಮಠದವರು, ಬಾಸೆಲ್ ಮಿಶನ್ ಎಂಬ ಧರ್ಮಪ್ರಚಾರ ಸಂಸ್ಥೆಯ ಕಾಲದಿಂದ ಬಂದ ಪ್ರೊಟೆಸ್ಟೆಂಟ್ ಕುಟುಂಬ, ಮನೆಮಾತು ತುಳು. ಕಾಲೇಜಿನ ದಿನಗಳಿಂದಲೂ ನಮ್ಮಿಬ್ಬರ ನಡುವಿನ ಮಾತು ಕನ್ನಡ, ಆದ್ದರಿಂದ ಮಕ್ಕಳ ಮನೆಮಾತೂ ಕನ್ನಡವೇ ಆಯಿತು. ಹಬ್ಬದ ವಿಷಯದಲ್ಲಿ ಮಾತ್ರ ಇಷ್ಟು ಸುಲಭದ ರಾಜಿ ಇರಲಿಲ್ಲ. ನನ್ನ ಕಡೆಯಿಂದ ಕುಸ್ವಾರ್ ಎಂಬ ಹಬ್ಬದ ತಿಂಡಿಗಳು, ಬಾಲಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ, ಇಪ್ಪತ್ತನಾಲ್ಕರ ರಾತ್ರಿ ಚರ್ಚಿನಲ್ಲಿ ನಡೆಯುವ ಬಲಿಪೂಜೆ ಎಂಬ ಆರಾಧನೆ. ಅವರ ಕಡೆಯಿಂದ ಬಿದಿರುಕಡ್ಡಿಯ ನಕ್ಷತ್ರ, ಕ್ಯಾರಲ್, ಕನ್ನಡ ಮತ್ತು ತುಳು ಭಕ್ತಿಗೀತೆಗಳ ಪುಸ್ತಕ, ಇಪ್ಪತ್ತೈದರ ಬೆಳಗಿನ ಆರಾಧನೆ. ಇವುಗಳ ಮೇಲೆ ಜರ್ಮನಿಯ ಕಿಂಡರ್‌ಗಾರ್ಟನ್ ಹೊರಿಸುವ ಹೊರೆ ಬೇರೆ. ಎಲ್ಲವನ್ನೂ ಮಾಡುತ್ತೇವೆಂದು ಹೊರಟರೆ ಡಿಸೆಂಬರ್ ಮುಗಿಯುವ ಮೊದಲೇ ತಾಯಿ ಮುಗಿದಿರುತ್ತಾಳೆ. ಹಾಗಾಗಿ ಒಂದೇ ಒಂದು ನಿಯಮ ಇಟ್ಟುಕೊಂಡೆವು: ಮಕ್ಕಳು ತಮ್ಮ ಕೈಯಾರೆ ಮಾಡಬಲ್ಲದ್ದು ಮೊದಲು, ದೊಡ್ಡವರು ಮಾಡಿ ಮಕ್ಕಳು ನೋಡುತ್ತ ನಿಲ್ಲಬೇಕಾದದ್ದು ಆಮೇಲೆ, ಪುರಸೊತ್ತು ಇದ್ದರೆ.

ಈ ನಿಯಮದಲ್ಲಿ ಎಲ್ಲಕ್ಕಿಂತ ಮೊದಲು ತೇರ್ಗಡೆಯಾದದ್ದು ಗೋದಲಿಯ ಹಸಿರು. ದಕ್ಷಿಣ ಕನ್ನಡದಲ್ಲಿ ಹಬ್ಬಕ್ಕೆ ಹತ್ತು ಹದಿನೈದು ದಿನ ಮುಂಚೆ ಗೆರಟೆಯಲ್ಲೋ ಹಳೆಯ ಡಬ್ಬದ ಮುಚ್ಚಳದಲ್ಲೋ ಮಣ್ಣು ತುಂಬಿ ಭತ್ತ ಅಥವಾ ರಾಗಿ ಬಿತ್ತಿ, ಅದು ಬೆರಳುದ್ದ ಬೆಳೆದ ಮೇಲೆ ಬಾಲಯೇಸುವಿನ ಕೊಟ್ಟಿಗೆಯ ಮುಂದೆ ಗದ್ದೆಯಂತೆ ಜೋಡಿಸುವುದು ವಾಡಿಕೆ. ಇಲ್ಲಿ ನಾವು ಸ್ಟುಟ್‌ಗಾರ್ಟಿನ ಭಾರತೀಯ ಅಂಗಡಿಯಿಂದ ಇಡಿ ರಾಗಿ ತರುತ್ತೇವೆ. ರಾಗಿಹಿಟ್ಟು ಎಲ್ಲೆಡೆ ಸಿಗುತ್ತದೆ, ಕಾಳನ್ನು ಮಾತ್ರ ಹುಡುಕಬೇಕಾಗುತ್ತದೆ. ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಕೋಣೆ ಬಿಸಿಮಾಡುವ ಹೀಟರಿನ ಮೇಲಿನ ಹಲಗೆಯಲ್ಲಿಟ್ಟರೆ ಕಾಳಿನ ತುದಿಯಲ್ಲಿ ಬಿಳಿಯ ಚುಕ್ಕೆ ಮೂಡುತ್ತದೆ. ಆಮೇಲೆ ಖಾಲಿ ಮೊಸರಿನ ಕಪ್ಪುಗಳಲ್ಲಿ ಬಿತ್ತನೆ. ಮಗನ ಕೆಲಸ ದಿನಕ್ಕೆ ಎರಡು ಚಮಚ ನೀರು ಹಾಕುವುದು; ಅವನ ಲೆಕ್ಕದಲ್ಲಿ ಎರಡು ಎಂದರೆ ಚಮಚ ಖಾಲಿಯಾಗುವವರೆಗೆ ಅಲ್ಲ, ಲೋಟ ಖಾಲಿಯಾಗುವವರೆಗೆ, ಆದ್ದರಿಂದ ಕಪ್ಪುಗಳ ತಳದಲ್ಲಿ ತೂತು ಮಾಡಿ ಕೆಳಗೊಂದು ತಟ್ಟೆ ಇಟ್ಟಿರುತ್ತೇವೆ. ಮಗಳ ಕೆಲಸ ಪ್ರತಿ ಬೆಳಿಗ್ಗೆ ಕಪ್ಪುಗಳನ್ನು ಅರ್ಧ ಸುತ್ತು ತಿರುಗಿಸುವುದು. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುವುದರಿಂದ ಪೈರು ಇರುವಷ್ಟು ಬೆಳಕಿನ ಕಡೆಗೆ ಬಾಗಿ, ಉದ್ದುದ್ದ ಬೆಳೆದು, ಬಣ್ಣಗೆಡುತ್ತದೆ. ಮೊಮ್ಮಕ್ಕಳಿಗೆ ಅರ್ಥವಾಗಲೆಂದು ಕನ್ನಡದಲ್ಲೇ ಮಾತನಾಡುವ ನನ್ನ ಅಮ್ಮ ವೀಡಿಯೋ ಕರೆಯಲ್ಲಿ ಅದನ್ನು ನೋಡಿ, “ಇದೆಂಥ ಮಾರಾಯ್ತಿ, ರಾಗಿಗೆ ಜ್ವರ ಬಂದ ಹಾಗುಂಟಲ್ಲ” ಎಂದರು. ಮಗಳಿಗೆ ಆ ಮಾತು ಹಿಡಿಸಿಬಿಟ್ಟಿತು. ಅಂದಿನಿಂದ ಕಪ್ಪು ತಿರುಗಿಸುವುದಕ್ಕೆ ಅವಳು ‘ರಾಗಿಗೆ ಮದ್ದು ಕೊಡುವುದು’ ಎನ್ನುತ್ತಾಳೆ.

ಇದು ನಮ್ಮೂರಿನವರಿಗೆ ಮಾತ್ರ ಹೊಳೆದ ಸಂಗತಿಯೇನೂ ಅಲ್ಲ. ಪೋರ್ಚುಗಲಿನ ದಕ್ಷಿಣ ಭಾಗದಲ್ಲಿ ಮತ್ತು ಮಡೇರಾ ದ್ವೀಪದಲ್ಲಿ ಗೋದಲಿಯ ಮುಂದೆ ಗೋಧಿಯ ಎಳೆ ಪೈರು ಇಡುತ್ತಾರೆ. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಡಿಸೆಂಬರ್ 4ರಂದು, ಸಂತ ಬಾರ್ಬರಾಳ ಹಬ್ಬದ ದಿನ, ತಟ್ಟೆಗಳಲ್ಲಿ ಗೋಧಿ ಬಿತ್ತುತ್ತಾರೆ. ಜರ್ಮನಿಯಲ್ಲಿ ಅದೇ ದಿನ ಚೆರಿ ಮರದ ಎಲೆಯುದುರಿದ ರೆಂಬೆಗಳನ್ನು ಕತ್ತರಿಸಿ ತಂದು ಬೆಚ್ಚಗಿನ ಕೋಣೆಯಲ್ಲಿ ನೀರಿನಲ್ಲಿಡುತ್ತಾರೆ. ಎಲ್ಲವೂ ಸರಿಯಾದರೆ ಕ್ರಿಸ್ಮಸ್ ಹೊತ್ತಿಗೆ ಹೂ ಬಿಡುತ್ತದೆ. ಎದುರು ಮನೆಯ ವೃದ್ಧೆ ತಮ್ಮ ತೋಟದಿಂದ ನಮಗೂ ಒಂದೆರಡು ರೆಂಬೆ ಕೊಡುತ್ತಾರೆ. ಹೀಗಾಗಿ ನಮ್ಮ ಕಿಟಕಿಯ ಕಟ್ಟೆಯಲ್ಲಿ ನಾಲ್ಕನೆಯ ತಾರೀಕಿಗೆ ಚೆರಿ ಬಂದು ನಿಲ್ಲುತ್ತದೆ, ಅದಾದ ಮುಂದಿನ ವಾರ ರಾಗಿ ಅದರ ಜೊತೆ ಸೇರುತ್ತದೆ. ಎರಡರಲ್ಲಿ ಯಾವುದು ನಮ್ಮದು, ಯಾವುದು ಇಲ್ಲಿಯವರದು ಎಂದು ಮಕ್ಕಳಿಗೆ ಹೇಳಲು ಹೋಗಿಲ್ಲ, ಅವರು ಕೇಳಿಯೂ ಇಲ್ಲ.

ಕುಸ್ವಾರಿನ ವಿಷಯದಲ್ಲಿ ನಾನು ನಿರ್ದಯಳಾದೆ. ನಮ್ಮಲ್ಲಿ ಹಬ್ಬದ ತಿಂಡಿಯ ಪಟ್ಟಿ ದೊಡ್ಡದು: ಕಿಡಿಯೊ, ನೆವ್ರಿ, ಗುಳಿಯೊ, ತುಕ್ಡಿ, ಚಕ್ಕುಲಿ, ರೋಸ್ ಕುಕೀಸ್, ಅಕ್ಕಿಲಾಡು. ಅಜ್ಜಿ, ಅತ್ತೆ, ಚಿಕ್ಕಮ್ಮಂದಿರೆಲ್ಲ ಸೇರಿ ಮಾಡುತ್ತಿದ್ದ ಕೆಲಸವನ್ನು ಒಂದು ಸಣ್ಣ ಅಡುಗೆಮನೆಯಲ್ಲಿ, ಹೊಗೆ ಕಂಡರೆ ಕೂಗಿಕೊಳ್ಳುವ ಅಲಾರಾಮಿನ ಕೆಳಗೆ, ಒಬ್ಬಳೇ ಮಾಡುವ ಹಟ ನನಗಿಲ್ಲ. ರೋಸ್ ಕುಕೀಸಿನ ಅಚ್ಚು ಊರಿನಿಂದ ತಂದದ್ದು ಕಪಾಟಿನಲ್ಲೇ ಇದೆ; ಕುದಿಯುವ ಎಣ್ಣೆಯಲ್ಲಿ ಅಚ್ಚು ಅದ್ದುವ ಆ ಕೆಲಸದಲ್ಲಿ ಮಕ್ಕಳನ್ನು ದೂರ ನಿಲ್ಲಿಸುವುದೇ ಅರ್ಧ ಕೆಲಸ, ಆದ್ದರಿಂದ ಅದು ಇನ್ನು ಕೆಲವು ವರ್ಷ ಕಾಯಲಿ. ನೆವ್ರಿಯಲ್ಲಿ ಎಳ್ಳು, ತೆಂಗಿನತುರಿ, ಸಕ್ಕರೆ, ಏಲಕ್ಕಿಯ ಹೂರಣ ತುಂಬುವುದು ನಾನು, ಅಂಚನ್ನು ಹಲ್ಲಿನ ಚಕ್ರದಿಂದ ಕತ್ತರಿಸುವುದು ಮಗಳು. ಆ ಚಕ್ರ ಇಲ್ಲಿನ ಯಾವ ಪಾತ್ರೆ ಅಂಗಡಿಯಲ್ಲೂ ಸಿಗುತ್ತದೆ, ಏಕೆಂದರೆ ಹಿಟ್ಟು ಕತ್ತರಿಸುವ ಹುಚ್ಚಿನಲ್ಲಿ ಜರ್ಮನರು ನಮಗಿಂತ ಮುಂದಿದ್ದಾರೆ.

ನಮ್ಮ ಮನೆಯ ನಿಜವಾದ ಕ್ರಿಸ್ಮಸ್ ತಿಂಡಿ ಎಂದರೆ ಕಿಡಿಯೊ. ಮೈದಾ, ಮೊಟ್ಟೆ, ತೆಂಗಿನಹಾಲು, ಚೂರು ಸಕ್ಕರೆ, ಉಪ್ಪು. ಹಿಟ್ಟು ಮೃದುವಾಗಿರಬೇಕು, ಕೈಗೆ ಅಂಟಬಾರದು. ಹುಣಸೆಬೀಜದಷ್ಟು ಹಿಟ್ಟನ್ನು ಫೋರ್ಕಿನ ಹಿಂಬದಿಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಮುಂದಕ್ಕೆ ಉರುಳಿಸಿದರೆ ಗೆರೆ ಮೂಡಿದ ಸಣ್ಣ ಸುರುಳಿ ಬರುತ್ತದೆ. ನನ್ನ ಬಾಲ್ಯದಲ್ಲಿ ಇದಕ್ಕೆ ಹೊಸ ಬಾಚಣಿಗೆ ಬಳಸುತ್ತಿದ್ದರು. ಮೂರು ವರ್ಷದವನ ಹೆಬ್ಬೆರಳಿಗೆ ಹೇಳಿಮಾಡಿಸಿದ ಕೆಲಸ ಇದು: ತಪ್ಪು ಆಕಾರ ಎಂಬುದೇ ಇಲ್ಲ, ಎಣ್ಣೆಗೆ ಬಿದ್ದ ಮೇಲೆ ಎಲ್ಲವೂ ಹೊಂಬಣ್ಣಕ್ಕೆ ಬಂದು ಸಕ್ಕರೆಪಾಕದ ಬಿಳಿ ಹೊದಿಕೆಯೊಳಗೆ ಒಂದಾಗುತ್ತವೆ. ಮಗ ಒತ್ತಿದ್ದು ಚಪ್ಪಟೆ, ಮಗಳು ಒತ್ತಿದ್ದು ಬಿಗಿ ಸುರುಳಿ. ಪಾಕ ಹಿಡಿದ ಮೇಲೂ ಮಗಳು ತನ್ನವನ್ನು ಗುರುತಿಸಿ ಬೇರೆ ಡಬ್ಬಕ್ಕೆ ಹಾಕಿಸುತ್ತಾಳೆ.

ಈ ಡಬ್ಬಗಳು ತುಂಬುವುದು ನಮಗಾಗಿ ಅಲ್ಲ. ಕರಾವಳಿಯ ಕ್ರಿಸ್ಮಸ್ಸಿನ ಜೀವ ಇರುವುದು ನೆರೆಮನೆಗೆ ಹೋಗುವ ತಟ್ಟೆಯಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಂದೂಗಳು, ಮುಸ್ಲಿಮರು, ಯಾರೇ ಇರಲಿ, ಅಕ್ಕಪಕ್ಕದ ಮನೆಗಳಿಗೆಲ್ಲ ಕುಸ್ವಾರ್ ಹೋಗಬೇಕು, ಹೊತ್ತೊಯ್ಯಬೇಕಾದವರು ಮಕ್ಕಳು. ಇಲ್ಲಿಯೂ ಇಪ್ಪತ್ತಮೂರರ ಮಧ್ಯಾಹ್ನದ ವಿಶ್ರಾಂತಿಯ ಹೊತ್ತು ಕಳೆದ ಮೇಲೆ ಇಬ್ಬರೂ ತಟ್ಟೆ ಹಿಡಿದು ಹೊರಡುತ್ತಾರೆ. ಆ ವಿಶ್ರಾಂತಿಯ ಹೊತ್ತಿನಲ್ಲಿ ಕರೆಗಂಟೆ ಒತ್ತಿದರೆ ತಿಂಡಿ ಎಷ್ಟೇ ರುಚಿಯಾಗಿದ್ದರೂ ಉಪಯೋಗವಿಲ್ಲ. ಕೆಳಗಿನ ಮಹಡಿಯ ತುರ್ಕಿ ಕುಟುಂಬದ ತಟ್ಟೆಯಲ್ಲಿ ರಮ್ ಹಾಕಿದ ಕೇಕು ಇರುವುದಿಲ್ಲ ಎಂಬುದನ್ನು ಮಗಳೇ ನೆನಪಿಟ್ಟುಕೊಳ್ಳುತ್ತಾಳೆ. ಎದುರು ಮನೆಯ ವೃದ್ಧೆ ಮೊದಲ ಸಲ ತಟ್ಟೆ ಕಂಡು ಗಾಬರಿಯಾಗಿ, ಇದಕ್ಕೆ ಏನು ಕೊಡಬೇಕು ಎಂದು ನನ್ನನ್ನು ಕೇಳಿದರು. ಈಗ ಅವರ ತಟ್ಟೆ ಸ್ಪ್ರಿಂಗರ್ಲೆ ತುಂಬಿಕೊಂಡು ವಾಪಸು ಬರುತ್ತದೆ. ಕೆತ್ತಿದ ಮರದ ಅಚ್ಚಿನಲ್ಲಿ ಒತ್ತಿ, ಒಂದಿಡೀ ದಿನ ಒಣಗಲು ಬಿಟ್ಟು ಬೇಯಿಸುವ, ಸೋಂಪಿನಂಥ ಪರಿಮಳದ ಈ ಬಿಸ್ಕತ್ತು ನಾವಿರುವ ಸ್ವೇಬಿಯಾ ಸೀಮೆಯ ಹೆಮ್ಮೆ. ಗಟ್ಟಿ ಅಂದರೆ ಗಟ್ಟಿ. ಮಾವ ಬಂದಿದ್ದಾಗ ಅದನ್ನು ಚಹಾದಲ್ಲಿ ಅದ್ದಿಯೇ ತಿಂದರು.

ಗಂಡನ ಪಾಲಿಗೆ ಈ ಊರು ಪೂರ್ತಿ ಪರಸ್ಥಳವಲ್ಲ ಎಂಬುದೂ ಇಲ್ಲಿ ಹೇಳಬೇಕು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು; ಮುಂದಿನ ದಶಕಗಳಲ್ಲಿ ಅದರ ಪಾದ್ರಿಗಳಾಗಿ ಬಂದವರಲ್ಲಿ ಅನೇಕರು ಈ ವ್ಯುರ್ಟೆಂಬರ್ಗ್ ಸೀಮೆಯಿಂದಲೇ ಹೊರಟವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇದೇ ಎಸ್ಲಿಂಗೆನ್ನಿನಲ್ಲಿ. ಕನ್ನಡ ನಿಘಂಟಿನ ಕಿಟೆಲ್ 1903ರಲ್ಲಿ ಕೊನೆಯುಸಿರೆಳೆದ ಟ್ಯೂಬಿಂಗೆನ್ ಇಲ್ಲಿಂದ ದೂರವೇನಲ್ಲ. ಅವರ ಮೂಲಕ ಬಲ್ಮಠಕ್ಕೆ ಹೋದ ಜರ್ಮನ್ ರಾಗಗಳನ್ನು ಅತ್ತೆ ಇಂದಿಗೂ ಕನ್ನಡ ಪದಗಳಲ್ಲಿ ಹಾಡುತ್ತಾರೆ, ಫೋನಿನಲ್ಲಿ ಮೊಮ್ಮಗನಿಗೆ ಸಾಲು ಸಾಲಾಗಿ ಕಲಿಸುತ್ತಾರೆ. ಕಳೆದ ಸಲ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲದ ಒಂದು ಭಾನುವಾರ ಇಲ್ಲಿನ ಚರ್ಚಿನಲ್ಲಿ ಆರ್ಗನ್ ಅಂಥದೊಂದು ರಾಗ ಎತ್ತಿಕೊಂಡಾಗ ಮಗ ಬೆಂಚಿನ ಮೇಲೆ ಎದ್ದು ನಿಂತು ಗಟ್ಟಿಯಾಗಿ ಕನ್ನಡದಲ್ಲಿ ಶುರುಮಾಡಿದ. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಅವನು “ಇದು ಅಜ್ಜಿಯ ಹಾಡು, ಇವರಿಗೆ ಹೇಗೆ ಗೊತ್ತು?” ಎಂದು ಅಪ್ಪನನ್ನೇ ಗದರಿಸಿದ.

ನಕ್ಷತ್ರವೂ ಅಪ್ಪ ಮಕ್ಕಳ ಇಲಾಖೆ. ಇಲ್ಲಿ ಅನೇಕ ಮನೆಗಳಲ್ಲಿ, ಚರ್ಚುಗಳಲ್ಲಿ ತೂಗುವುದು ಹೆರ್ನ್‌ಹುಟ್ ನಕ್ಷತ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ಮೊರೇವಿಯನ್ ಎಂಬ ಪ್ರೊಟೆಸ್ಟೆಂಟ್ ಸಭೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ರೇಖಾಗಣಿತ ಕಲಿಸಲು ಮಾಡಿಸಿದ್ದು ಎನ್ನುತ್ತಾರೆ, ಈಗಿನದಕ್ಕೆ 25 ಮೊನೆಗಳು. ನಾವು ಕಟ್ಟುವುದು ಊರಿನ ಐದು ಮೂಲೆಯದು. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬಕ್ಕೆ ಕಿಂಡರ್‌ಗಾರ್ಟನ್ ಮಕ್ಕಳು ಲಾಟೀನು ಮಾಡಿ ಉಳಿಸಿದ ಬಣ್ಣದ ತೆಳುಕಾಗದವೇ ಅದಕ್ಕೆ ಹೊದಿಕೆ.

ಉಳಿದ ಕೆಲವನ್ನು ಹಗುರವಾಗಿ ಇಟ್ಟುಕೊಂಡಿದ್ದೇವೆ. ಡಿಸೆಂಬರ್ 5ರ ರಾತ್ರಿ ಬಾಗಿಲ ಬಳಿ ಬೂಟು ಇಡುತ್ತಾರೆ, ಮರುದಿನ ಸಂತ ನಿಕೋಲಾಸನ ಹೆಸರಿನಲ್ಲಿ ಅದರೊಳಗೆ ಕಿತ್ತಳೆ, ಅಕ್ರೋಟು ಇರುತ್ತವೆ, ಅಷ್ಟಕ್ಕೇ ಮುಗಿಯಿತು. ದಿನಕ್ಕೊಂದು ತೆರೆಯುವ 24 ಕಿಟಕಿಗಳ ಆಗಮನದ ಕ್ಯಾಲೆಂಡರ್ ಎಂಬುದು, ನನ್ನ ಪ್ರಕಾರ, ತಾಯಂದಿರಿಗೆ ವಿಧಿಸಿದ 24 ದಿನಗಳ ಶಿಕ್ಷೆ. ಅದರ ಬದಲು ವಾರಕ್ಕೊಂದರಂತೆ ಹಚ್ಚುವ ನಾಲ್ಕು ಮೇಣದಬತ್ತಿಗಳ ಹಸಿರು ಬಳೆ ಸಾಕು. ಹ್ಯಾಂಬರ್ಗಿನ ವಿಕರ್ನ್ ಎಂಬ ಪಾದ್ರಿ 1839ರಲ್ಲಿ, ಕ್ರಿಸ್ಮಸ್ ಯಾವಾಗ ಎಂದು ದಿನವೂ ಕೇಳುವ ತನ್ನ ಆಶ್ರಯಧಾಮದ ಮಕ್ಕಳಿಗಾಗಿ ಗಾಡಿಚಕ್ರದ ಮೇಲೆ ಬತ್ತಿಗಳನ್ನು ನಿಲ್ಲಿಸಿದ. ಅದೇ ಪ್ರಶ್ನೆ ಕೇಳುವ ನಮ್ಮ ಮಗನಿಗೂ ಅದು ಉತ್ತರ ಕೊಡುತ್ತದೆ. ಉಡುಗೊರೆ ತರುವವರು ಯಾರು ಎಂಬ ಗೊಂದಲದಲ್ಲಿ, ಇಲ್ಲಿನ ಬಾಲಯೇಸು ಮತ್ತು ಊರಿನ ಸಾಂತಾ ಇಬ್ಬರ ನಡುವೆ, ನಾವು ಯಾರನ್ನೂ ಆರಿಸಲಿಲ್ಲ. ತಲಾ ಒಂದು ಉಡುಗೊರೆ, ಒಂದು ಜೊತೆ ಹೊಸ ಬಟ್ಟೆ, ಎರಡೂ ಅಪ್ಪ ಅಮ್ಮನಿಂದ.

ಇಪ್ಪತ್ತನಾಲ್ಕರ ಸಂಜೆ ನಾಲ್ಕಕ್ಕೆ ಚರ್ಚಿನಲ್ಲಿ ಮಕ್ಕಳ ನಾಟಕ; ಮಗಳು ಕುರಿಯಾಗಿದ್ದಳು, ಈ ಸಲ ಕುರುಬನ ಬಡ್ತಿ ಸಿಕ್ಕಿದೆ. ಐದೂವರೆಗೆ ಮನೆ ಸೇರಿದರೆ ಊರಿನಲ್ಲಿ ರಾತ್ರಿ ಹತ್ತು, ಅಮ್ಮ ಅಪ್ಪ ಬಲಿಪೂಜೆ ಮುಗಿಸಿ ಬಂದಿರುತ್ತಾರೆ. ಅವರು ನೋಡುತ್ತಿರುವಾಗಲೇ ಮಗ ಬಾಲಯೇಸುವನ್ನು ಕೊಟ್ಟಿಗೆಯಲ್ಲಿ ಇಡುತ್ತಾನೆ. ಆ ರಾತ್ರಿ ಊಟಕ್ಕೆ ಸ್ವೇಬಿಯಾದವರಂತೆ ಆಲೂಗಡ್ಡೆ ಸಲಾಡ್ ಮತ್ತು ಸಾಸೇಜ್. ಹಬ್ಬದ ಮುನ್ನಾ ರಾತ್ರಿ ಅಡುಗೆಯವಳಿಗೂ ಕುಳಿತುಕೊಳ್ಳಲು ಬಿಡುವ ಈ ಪದ್ಧತಿಯನ್ನು ನಾನು ಮನಸಾರೆ ಒಪ್ಪಿದ್ದೇನೆ. ಇಪ್ಪತ್ತೈದಕ್ಕೆ ಇಡ್ಲಿಯಂಥ ಸನ್ನಾಂ ಮತ್ತು ಹಂದಿಮಾಂಸದ ಸಾರು. ಕಳ್ಳು ಇಲ್ಲದ ಊರಿನಲ್ಲಿ ಸನ್ನಾಂ ಉಬ್ಬುವುದು ಸೂಪರ್‌ಮಾರ್ಕೆಟ್ಟಿನ 42 ಗ್ರಾಮಿನ ಹಸಿ ಯೀಸ್ಟ್ ತುಂಡಿನಿಂದ. ಸಣ್ಣ ಚೂರು ಸಾಕು, ಹೆಚ್ಚಾದರೆ ಬ್ರೆಡ್ಡಿನ ವಾಸನೆ ಹೊಡೆಯುತ್ತದೆ.

ಜನವರಿ 6 ಇಲ್ಲಿ ಸರಕಾರಿ ರಜೆ. ಆ ಹೊತ್ತಿಗೆ ಬಾಲಯೇಸುವನ್ನು ಕಾಣಲು ಬಂದ ಮೂವರು ಅರಸರ, ಅಂದರೆ ಜ್ಞಾನಿಗಳ, ವೇಷದ ಮಕ್ಕಳು ಹಾಡುತ್ತ ಬಂದು, ಕಷ್ಟದಲ್ಲಿರುವ ಮಕ್ಕಳಿಗಾಗಿ ಹಣ ಕೂಡಿಸಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಆಶೀರ್ವಾದ ಬರೆದು ಹೋಗುತ್ತಾರೆ. ನಮ್ಮ ಗೋದಲಿಯ ಮೂವರು ಜ್ಞಾನಿಗಳೂ ಪುಸ್ತಕದ ಕಪಾಟಿನಿಂದ ಹೊರಟು, ದಿನಕ್ಕೊಂದಿಷ್ಟು ದೂರ ಸಾಗಿ, ಅಂದೇ ತಲುಪುತ್ತಾರೆ. ದಾರಿಯಲ್ಲಿ ಒಬ್ಬರು ಮಗನ ಆಟದ ರೈಲು ಹತ್ತಿದ್ದೂ ಉಂಟು.

ಬರುವ ಡಿಸೆಂಬರಿಗೆ ಊರಿಗೆ ಹೋಗುವ ಮಾತು ನಡೆದಿದೆ. ಹಾಗಾದರೆ ಎದುರು ಮನೆಯ ಅಜ್ಜಿಗೆ ತಟ್ಟೆ ಕೊಡುವವರು ಯಾರು ಎಂದು ಮಗಳು ಕೇಳಿದ್ದಾಳೆ. ನವೆಂಬರ್ ಕೊನೆಗೆ ಕುಸ್ವಾರ್ ಮಾಡಿ ಕೊಟ್ಟೇ ವಿಮಾನ ಹತ್ತೋಣ ಎಂಬುದು ಗಂಡನ ಸಲಹೆ. ಹಬ್ಬದ ಹೊತ್ತಿಗೆ ಕಿಡಿಯೊ ಗರಿಗರಿ ಉಳಿಯುವುದಿಲ್ಲ ಎಂದು ನಾನು, ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟರೆ ಏನೂ ಆಗದು ಎಂದು ಅವರು, ಅಲ್ಲಿಯವರೆಗೆ ಆ ಅಜ್ಜಿ ತಿನ್ನದೆ ಇಟ್ಟಿರುತ್ತಾರೆಯೇ ಎಂದು ಮಗಳು ವಾದಿಸುತ್ತಿದ್ದೇವೆ.