ಕಕ್ಕಡದ ಥಂಡಿ ಮತ್ತು ಬೋವಾದ ಗೂಡು

ಭಾನುವಾರ, 20 ಜುಲೈ 2025, ಮಡಿಕೇರಿ

ಬೆಳಿಗ್ಗೆ 6ಕ್ಕೆ ಜಗಲಿಯಲ್ಲಿ 19 ಡಿಗ್ರಿ, ತೇವಾಂಶ ಶೇ 95. ಮನೆಯಲ್ಲಿ ಸಾಕಿರುವ ಬೋವಾ ಹಾವಿನ ಕೋಣೆಯಲ್ಲಿ 22 ಡಿಗ್ರಿ. ಗೂಡಿನ ಬಿಸಿ ಕಡೆ 31, ತಂಪು ಕಡೆ 26. ಗಾಜಿನ ಮೇಲೆ ಹನಿ ಇಲ್ಲ. ಕೊಡಗಿನ ಜೋರು ಮಳೆಯ ತಿಂಗಳಾದ ಕಕ್ಕಡ ಕಾಲಿಟ್ಟ ಮೇಲೆ ಬೆಳಿಗ್ಗೆ ಗಾಜು ಒಣಗಿ ಕಂಡರೆ ಆ ದಿನದ ಅರ್ಧ ಕೆಲಸ ಮುಗಿದ ಹಾಗೆ.

ಬೋವಾ ಎಂದರೆ ದಕ್ಷಿಣ ಅಮೆರಿಕದ ಕಡೆಯ, ಹೆಬ್ಬಾವಿನಂಥ ದೊಡ್ಡ ಹಾವು. ಅದು ಮಳೆಕಾಡಿನದ್ದು, ಕೊಡಗಿನ ಮಳೆ ಅದಕ್ಕೆ ಹೇಳಿ ಮಾಡಿಸಿದ್ದು ಎನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅಮೆಜಾನ್ ತಗ್ಗಿನಲ್ಲಿ ಸುರಿಯುವುದು ಬೆಚ್ಚಗಿನ ಮಳೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ಸುರಿಯುವುದು ಹಲ್ಲು ಕಟಕಟಿಸುವ ಮಳೆ. ತೇವ ಎರಡೂ ಕಡೆ ಒಂದೇ, ಬಿಸಿ ಮಾತ್ರ ಇಲ್ಲಿಲ್ಲ. ಹಾವಿಗೆ ನಮಗಿರುವ ಹಾಗೆ ಎದೆ, ಹೊಟ್ಟೆಯ ನಡುವಿನ ಸ್ನಾಯುಪರದೆ, ಅಂದರೆ ವಪೆ ಇಲ್ಲ, ಕೆಮ್ಮಿ ಕಫ ಹೊರಹಾಕಲು ಬಾರದು. ಥಂಡಿ ಹಿಡಿದು ಶ್ವಾಸಕೋಶದಲ್ಲಿ ಕಟ್ಟಿದ್ದು ಅಲ್ಲೇ ಕೂತು ಕೊಳೆಯುತ್ತದೆ. ಈ ಊರಿನಲ್ಲಿ ದೊಡ್ಡ ಹಾವು ಸಾಯುವುದಿದ್ದರೆ ಹೆಚ್ಚಾಗಿ ಇದರಿಂದಲೇ.

ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಮಿಕ್ಕಿದ್ದು ಸುಲಭ. ಜಗಲಿಯ ಆ 19 ಡಿಗ್ರಿ, ಶೇ 95ರ ಗಾಳಿಯನ್ನೇ ಗೂಡಿನೊಳಗೆ 26ಕ್ಕೆ ಕಾಯಿಸಿದರೆ ತೇವಾಂಶ ತಾನಾಗಿ ಶೇ 62ರ ಆಸುಪಾಸಿಗೆ ಇಳಿಯುತ್ತದೆ. 30ಕ್ಕೆ ಕಾಯಿಸಿದರೆ ಶೇ 50ರ ಹತ್ತಿರ. ಗಾಳಿಯಲ್ಲಿರುವ ನೀರು ಅಷ್ಟೇ ಇರುತ್ತದೆ, ಬಿಸಿ ಗಾಳಿಗೆ ಹೊರುವ ತಾಕತ್ತು ಜಾಸ್ತಿ. ಬೋವಾಗೆ ಬೇಕಾದದ್ದು ಶೇ 60ರಿಂದ 70. ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಂಜಿನ ಯಂತ್ರವೂ ಬೇಡ, ನೀರು ಚಿಮುಕಿಸುವುದೂ ಬೇಡ. ತಂಪು ಕಡೆ ಒಂದು ಅಗಲ ನೀರಿನ ತೊಟ್ಟಿ ಇಟ್ಟರೆ ಉಳಿದ ಹತ್ತು ಪಾಯಿಂಟನ್ನು ಅದೇ ತುಂಬಿಕೊಡುತ್ತದೆ. ಹೊರದೇಶದ ಸಾಕಣೆ ಪುಸ್ತಕಗಳೆಲ್ಲ ಒಣ ಚಳಿಯ, ಹೀಟರ್ ಹಾಕಿದ ಮನೆಗಳಿಗೆ ಬರೆದಂಥವು. ಅವುಗಳ ಸಲಹೆಯನ್ನು ಇಲ್ಲಿ ಚಾಚೂ ತಪ್ಪದೆ ಪಾಲಿಸಿದರೆ ಗೂಡು ಗದ್ದೆಯಾಗುತ್ತದೆ.

ಎಡವಟ್ಟು ಶುರುವಾಗುವುದು ಗಾಳಿಕಿಂಡಿ ಮುಚ್ಚುವುದರಿಂದ. ಚಳಿ ಎಂದು ಕಿಂಡಿಗೆ ಬಟ್ಟೆ ತುರುಕುತ್ತಾರೆ. ಒಳಗೆ 28 ಡಿಗ್ರಿ, ಶೇ 75 ನಿಂತಿತು ಎಂದಿಟ್ಟುಕೊಳ್ಳಿ. ಆ ಗಾಳಿ 23 ಡಿಗ್ರಿಗೆ ತಣ್ಣಗಾದರೆ ಸಾಕು, ಹನಿಯಾಗುತ್ತದೆ. ಕೋಣೆ 19–20 ಇದ್ದರೆ ಮುಂದಿನ ಗಾಜು 23ಕ್ಕಿಂತ ಕೆಳಗೇ ಇರುತ್ತದೆ. ಒಳಮೈಯಲ್ಲಿ ಹನಿ ಕಟ್ಟಿ, ಗೆರೆಗೆರೆಯಾಗಿ ಇಳಿದು, ಗಾಜು ಸರಿಯುವ ಜಾಡಿನಲ್ಲಿ ನಿಂತು, ಅಲ್ಲಿಂದ ಹಾಸಿನ ಕೆಳಗೆ ಹರಿಯುತ್ತದೆ. ಮೇಲೆ ನೋಡಿದರೆ ಎಲ್ಲ ಒಣ. ಮುಂದಿನ ಅಂಚಿನ ಕಾಗದ ಎತ್ತಿದರೆ ಅಡಿಯಲ್ಲಿ ಪ್ಲೈವುಡ್ ಕಪ್ಪಾಗಿರುತ್ತದೆ, ಹಾವು ಅದರ ಮೇಲೆ ಹೊಟ್ಟೆ ಒತ್ತಿ ಮಲಗಿರುತ್ತದೆ. ವಾರದೊಳಗೆ ಹೊಟ್ಟೆಯ ಹುರುಪೆಗಳ ಅಂಚು ಕೆಂಪಾಗಿ, ನಂತರ ಕಂದಾಗಿ, ಸಣ್ಣ ನೀರ್ಗುಳ್ಳೆ ಏಳುತ್ತವೆ. ಅದಕ್ಕೇ ಗಾಜಿನ ಜಾಡಿನಲ್ಲಿ ಬೆರಳಾಡಿಸುವುದು ದಿನದ ಮೊದಲ ಕೆಲಸ, ತೇವಮಾಪಕ ನೋಡುವುದು ಆಮೇಲೆ.

ಪರಿಹಾರ ಎರಡು. ಕಿಂಡಿ ತೆರೆದೇ ಇರಲಿ: ತಂಪು ಕಡೆ ಕೆಳಗೊಂದು, ಬಿಸಿ ಕಡೆ ಮೇಲೊಂದು, ತಲಾ 30 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ. ಬಿಸಿ ಗಾಳಿ ಮೇಲಿಂದ ಹೋಗುತ್ತದೆ, ಹೊಸದು ಕೆಳಗಿಂದ ಬರುತ್ತದೆ. ಇನ್ನೊಂದು, ಗೂಡಿಗೆ ಮಾತ್ರವಲ್ಲ, ಕೋಣೆಗೂ ಬಿಸಿ ಬೇಕು. ಚಿಕ್ಕ ಕೋಣೆ ಆರಿಸಿ, ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್ ಇಟ್ಟು 22–23ಕ್ಕೆ ನಿಲ್ಲಿಸಿದರೆ ಗಾಜು ಹನಿಯುವುದು ನಿಲ್ಲುತ್ತದೆ. ತೇವ ಹೀರುವ ಯಂತ್ರ ಇದ್ದರೆ ಕೋಣೆಯಲ್ಲಿಡಿ, ಗೂಡಿನೊಳಗೆ ಬೇಡ. ಹಳೇ ತೊಟ್ಟಿಮನೆಯ ಉತ್ತರದ ಕೋಣೆ ಇದಕ್ಕೆ ಆಗದು, ಎಷ್ಟು ಕಾಯಿಸಿದರೂ ಗೋಡೆ ಕುಡಿಯುತ್ತದೆ.

ಗೂಡಿನ ಅಳತೆ: ಎರಡು ಮೀಟರಿನ ಹಾವಿಗೆ 180 ಸೆಂ.ಮೀ. ಉದ್ದ, 75 ಅಗಲ, 60 ಎತ್ತರ ಕನಿಷ್ಠ. ಹೆಣ್ಣು ಬೋವಾ ಎರಡೂವರೆ, ಕೆಲವೊಮ್ಮೆ ಮೂರು ಮೀಟರು ಮುಟ್ಟುತ್ತದೆ. ಅದಕ್ಕೆ 240 ಸೆಂ.ಮೀ. ಬೇಕು. ಇಲ್ಲಿ ಅಗ್ಗಕ್ಕೆ ಸಿಗುವ ಸಿಲ್ವರ್ ಓಕ್ ಹಲಗೆ ಒಂದೇ ಮಳೆಗಾಲಕ್ಕೆ ಬಾಗಿ, ಗಾಜು ಸರಿಯದಂತಾಗುತ್ತದೆ. 18 ಮಿ.ಮೀ. ಪಿವಿಸಿ ಫೋಮ್ ಬೋರ್ಡ್ ದುಬಾರಿಯಾದರೂ ಅದೇ ವಾಸಿ. ಪ್ಲೈವುಡ್ಡೇ ಆಗಬೇಕಿದ್ದರೆ ಮೆರೈನ್ ದರ್ಜೆಯದ್ದು, ಕೊಯ್ದ ಅಂಚಿಗೆ ಪಾಲಿಯುರೆಥೇನ್ ಮೂರು ಕೈ, ವಾಸನೆ ಪೂರ್ತಿ ಹೋಗುವವರೆಗೆ ಎರಡು ವಾರ ಬಾಗಿಲು ತೆರೆದಿಡಿ. ಗಾಜಿಗೆ ಬೀಗ ಕಡ್ಡಾಯ. ಬೋವಾ ಮೂತಿಯಿಂದ ತಳ್ಳಿ ತಳ್ಳಿಯೇ ಗಾಜು ಸರಿಸುತ್ತದೆ. ತೋಟಕ್ಕೆ ನುಗ್ಗಿದ ಹೊರದೇಶದ ಹಾವನ್ನು ಕಂಡವರು ಹೆಬ್ಬಾವೆಂದು ಬಗೆದರೆ ಅದರ ಗತಿ ಏನೂ ಆಗಬಹುದು.

ಹಾಸಿಗೆ ಮಳೆಗಾಲದಲ್ಲಿ ಕಾಗದವೇ ಸರಿ. ನೋಡಲು ಚೆಂದವಲ್ಲ, ಆದರೆ ತೇವ ಎಲ್ಲಿದೆ ಎಂದು ಆ ಕ್ಷಣ ತೋರಿಸಿಕೊಡುತ್ತದೆ. ತೆಂಗಿನ ನಾರಿನ ಪುಡಿ ನವೆಂಬರ್ ನಂತರ. ಕೈಗೆ ಪುಕ್ಕಟೆ ಸಿಗುವ ಕಾಫಿ ಸಿಪ್ಪೆ ಯಾವ ಕಾಲಕ್ಕೂ ಬೇಡ, ಬೂಸ್ಟು ಹಿಡಿಯಲು ಅದಕ್ಕೆ ಎರಡು ರಾತ್ರಿ ಸಾಕು. ಫೆಬ್ರುವರಿ, ಮಾರ್ಚ್‌ನಲ್ಲಿ ಚಿತ್ರ ಪೂರಾ ತಿರುಗುತ್ತದೆ. ಆಗ ಗಾಳಿ ಒಣಗಿ ಪೊರೆ ತುಂಡುತುಂಡಾಗಿ ಬರುತ್ತದೆ, ಒದ್ದೆ ಪಾಚಿ ತುಂಬಿದ ಅಡಗುಡಬ್ಬಿ ಇಡಬೇಕಾಗುತ್ತದೆ. ಅದು ಆ ಕಾಲದ ಮಾತು.

ತೇವಮಾಪಕವನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಾಗುವಷ್ಟು ಮಾತ್ರ ಹನಿ ನೀರು ಬಿಟ್ಟು, ಮಾಪಕದ ಜೊತೆ ಜಿಪ್ ಚೀಲದಲ್ಲಿ ಭದ್ರವಾಗಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. 82 ತೋರಿಸಿದರೆ ಇನ್ನು ಮುಂದೆ 7 ಕಳೆದು ಓದಿಕೊಳ್ಳಿ.

ಬಿಸಿಗೆ ಗೂಡಿನ ಚಾವಣಿಗೆ ತಿರುಪಿನಿಂದ ಬಿಗಿದ 100 ವ್ಯಾಟ್ ರೇಡಿಯಂಟ್ ಪ್ಯಾನೆಲ್, ಅಂದರೆ ಬಿಸಿ ಸೂಸುವ ಚಪ್ಪಟೆ ಹಲಗೆ, ಒಳ್ಳೆಯದು. ಸೆರಾಮಿಕ್ ಬಲ್ಬಾದರೆ ಸುತ್ತ ಜಾಲರಿ ಇರಲೇಬೇಕು. ಹಾವಿಗೆ ಸುಡುವ ಅರಿವು ತಡವಾಗಿ ಬರುತ್ತದೆ, ಬಲ್ಬಿಗೆ ಸುತ್ತಿಕೊಂಡೇ ಚರ್ಮ ಬೇಯಿಸಿಕೊಳ್ಳುತ್ತದೆ. ಬಿಸಿ ಕಲ್ಲು ಎಂದು ಮಾರುವುದನ್ನು ಮನೆಗೇ ತರಬೇಡಿ. ಯಾವುದೇ ಇರಲಿ, ಬಿಸಿ ನೋಡಿ ಕರೆಂಟು ಕೊಟ್ಟು ಕಡಿಯುವ ಥರ್ಮೋಸ್ಟ್ಯಾಟ್ ಇಲ್ಲದೆ ಹಚ್ಚಬಾರದು. ಥರ್ಮೋಸ್ಟ್ಯಾಟ್ ಕೆಟ್ಟರೆ ಎರಡು ಬಗೆ: ಆಫ್ ಆಗಿ ನಿಂತರೆ ಹಾವು ತಣ್ಣಗಾಗುತ್ತದೆ, ಅದಕ್ಕೆ ಸಮಯವಿದೆ. ಒಳಗಿನ ಸ್ವಿಚ್ಚು, ಅಂದರೆ ರಿಲೇ, ಅಂಟಿಕೊಂಡು ಆನ್ ಆಗಿಯೇ ನಿಂತರೆ ಕೆಲವೇ ಗಂಟೆಯಲ್ಲಿ ಕಥೆ ಮುಗಿಯುತ್ತದೆ. ಅದಕ್ಕೆ ಎರಡನೆಯದನ್ನು ಅದೇ ತಂತಿಯಲ್ಲಿ ಸಾಲಾಗಿ ಜೋಡಿಸಿ 35ಕ್ಕೆ ಇಡುವುದು. ಮೊದಲನೆಯದು ಕೈಕೊಟ್ಟರೆ ಇದು ಕರೆಂಟು ಕಡಿಯುತ್ತದೆ. ಎರಡರ ಬಿಸಿ ಅಳೆಯುವ ತುದಿಯನ್ನೂ ಹಾವು ಎಳೆದು ಹಾಕದಂತೆ ಬಿಗಿಯಿರಿ. ತುದಿ ನೀರಿನ ತೊಟ್ಟಿಗೆ ಬಿದ್ದರೆ ಥರ್ಮೋಸ್ಟ್ಯಾಟ್ ಚಳಿ ಎಂದೇ ತಿಳಿದು ಉರಿಸುತ್ತಲೇ ಇರುತ್ತದೆ.

ಇನ್ನು ಕರೆಂಟು. ಗಾಳಿಮಳೆಗೆ ಮರ ಬಿದ್ದರೆ ರಾತ್ರಿಯಿಡೀ ಇಲ್ಲ, ಕೆಲವೊಮ್ಮೆ ದಿನಗಟ್ಟಲೆ ಇಲ್ಲ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಕಾಗದದ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಇರುತ್ತದೆ. ಪೂರ್ತಿ ಬರಿದು ಮಾಡುವಂತಿಲ್ಲ, ಇನ್ವರ್ಟರೂ ತನ್ನ ಪಾಲು ತಿನ್ನುತ್ತದೆ. 900 ಎಂದು ಹಿಡಿದರೆ 100 ವ್ಯಾಟ್ ಪ್ಯಾನೆಲ್‌ಗೆ ಎಡೆಬಿಡದೆ 9 ಗಂಟೆ. ಕೋಣೆಯ ಹೀಟರ್ ಇದರಲ್ಲಿ ಓಡದು. ಇನ್ವರ್ಟರ್ ಶುದ್ಧ ಸೈನ್ ವೇವ್‌ನದ್ದೇ ಆಗಲಿ, ಸ್ಕ್ವೇರ್ ವೇವ್‌ಗೆ ಡಿಮ್ಮಿಂಗ್ ಥರ್ಮೋಸ್ಟ್ಯಾಟ್‌ಗಳು ತಬ್ಬಿಬ್ಬಾಗುತ್ತವೆ. ಬ್ಯಾಟರಿಯೂ ಸತ್ತ ಮೇಲೆ ಎರಡು ಲೀಟರಿನ ಬಾಟಲಿಗಳಲ್ಲಿ ಹಂಡೆಯ ಬಿಸಿನೀರು, ಕೈ ಸುಡದಷ್ಟಕ್ಕೆ ತಣಿಸಿ, ಟವೆಲ್ ಸುತ್ತಿ ಅಡಗುಡಬ್ಬಿಯ ಪಕ್ಕಕ್ಕೆ. ಎರಡು ಮೂರು ಗಂಟೆಗೊಮ್ಮೆ ಬದಲಿಸಬೇಕು. ಗೂಡಿಗೆ ಕಂಬಳಿ ಹೊದಿಸಿ, ಕಿಂಡಿ ಬಿಟ್ಟು. ಕೆಂಡದ ಬಾಣಲೆ ಮಾತ್ರ ಕೋಣೆಯೊಳಗೆ ತರಬೇಡಿ. ಹೊಗೆ ಇಲ್ಲದಿದ್ದರೂ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಹಾವಿಗೂ ಕಷ್ಟ, ಕಾವಲಿಗೆ ಕೂತವರಿಗೂ ಕಷ್ಟ.

ಇವತ್ತು ಊಟದ ದಿನ. ಗಾಳಿ ಜೋರಿದೆ, ಕರೆಂಟು ಬೆಳಗಿನಿಂದ ಕಣ್ಣುಮುಚ್ಚಾಲೆ ಆಡುತ್ತಿದೆ, ಆದ್ದರಿಂದ ಊಟ ಮುಂದಕ್ಕೆ. ನುಂಗಿದ ಮೇಲೆ ನಾಲ್ಕೈದು ದಿನ 31 ಡಿಗ್ರಿ ಬೇಕು. ಮಧ್ಯದಲ್ಲಿ ತಣ್ಣಗಾದರೆ ಇಲಿ ಅರಗುವುದಿಲ್ಲ, ಹೊಟ್ಟೆಯಲ್ಲೇ ಕೊಳೆತು ಹಾವು ಕಕ್ಕುತ್ತದೆ. ಕಕ್ಕಿದ ಬೋವಾಗೆ ಎರಡು ಮೂರು ವಾರ ಬರೀ ನೀರು, ಆಮೇಲೆ ಅರ್ಧ ಗಾತ್ರದ ಊಟ. ಎರಡನೇ ಸಲವೂ ಕಕ್ಕಿದರೆ ವೈದ್ಯರು. ಬಲಿತ ಬೋವಾ ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ತಿಂದರೆ ಸಾಕು, ಒಂದು ವಾರ ತಡವಾದರೆ ಅದಕ್ಕೆ ಲೆಕ್ಕವೇ ಇಲ್ಲ. 7 ಕೆ.ಜಿ. ಹಾವಿಗೆ 350 ಗ್ರಾಂ ಇಲಿ ಒಂದು. ಸಾಕಿದ ಹಾವುಗಳಲ್ಲಿ ಉಪವಾಸಕ್ಕಿಂತ ಬೊಜ್ಜಿನಿಂದ ಕೆಟ್ಟವೇ ಜಾಸ್ತಿ. ಗುದದ ಹತ್ತಿರ ಮಡಿಕೆ ಬಿದ್ದಿದ್ದರೆ ಊಟದ ನಡುವಿನ ಅಂತರ ಹೆಚ್ಚಿಸಿ. ತೂಕಕ್ಕೆ ಕಾಫಿ ಕುಯ್ಲಿನ ತೂಗುತಕ್ಕಡಿ ಧಾರಾಳ: ದಿಂಬಿನ ಚೀಲದಲ್ಲಿ ಹಾವು, ಬಾಯಿಗೆ ಗಂಟು, ಕೊಕ್ಕೆಗೆ ಸಿಕ್ಕಿಸಿದರಾಯಿತು.

ಇಲಿ ಸಾಕಿದ್ದೇ ಆಗಬೇಕು, ಸತ್ತದ್ದೇ ಆಗಬೇಕು. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ತೋಟದಲ್ಲಿ ಸಿಕ್ಕ ಹೆಗ್ಗಣ ಯಾರ ಗದ್ದೆಯ ಪಾಷಾಣ ತಿಂದು ಬಂದಿದೆಯೋ. ಹೆಪ್ಪುಗಟ್ಟಿದ್ದನ್ನು ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿಟ್ಟು ಕರಗಿಸಿ, ಚೀಲದಲ್ಲಿಟ್ಟು 40 ಡಿಗ್ರಿ ನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದ ಇಕ್ಕುಳದಲ್ಲಿ ಕೊಡಿ. ಮೈಕ್ರೋವೇವ್‌ನಲ್ಲಿ ಒಂದು ಕಡೆ ಬೆಂದು ಇನ್ನೊಂದು ಕಡೆ ತಣ್ಣಗಿರುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಕರೆಂಟು ಹೋದರೆ ಫ್ರೀಜರೂ ಕರಗುತ್ತದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಒಂದು ಲೋಟ ನೀರು ಹೆಪ್ಪುಗಟ್ಟಿಸಿ ಮೇಲೆ ನಾಣ್ಯ ಇಡಿ. ನಾಣ್ಯ ತಳ ಕಂಡಿದ್ದರೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ, ಅಲ್ಲಿದ್ದ ಇಲಿಗಳನ್ನು ಹೂತುಬಿಡಿ.

ಹಂದಿ ಹೆಚ್ಚಿದ ಕೈಯಲ್ಲಿ ಗೂಡು ತೆರೆಯಬೇಡಿ. ಕೊಡಗಿನ ಭಾನುವಾರಕ್ಕೆ ಈ ಎಚ್ಚರಿಕೆ ಬೇಕೇಬೇಕು. ಮಾಂಸದ ವಾಸನೆ ಬಂದರೆ ಬೋವಾ ಕೈಗೂ ಊಟಕ್ಕೂ ಭೇದ ಎಣಿಸದು. ಸೋಪಿನಲ್ಲಿ ತೊಳೆದು, ಕೊಕ್ಕೆಯಿಂದ ಮೈಯನ್ನು ಮೆಲ್ಲಗೆ ಮುಟ್ಟಿ ಎಚ್ಚರಿಸಿ, ಆಮೇಲೆ ಎತ್ತಿ. ಎರಡು ಮೀಟರು ದಾಟಿದ ಹಾವಿಗೆ ಊಟ ಕೊಡುವಾಗ, ಎತ್ತುವಾಗ ಎರಡನೇ ಆಳು ಕೋಣೆಯಲ್ಲೇ ಇರಲಿ. ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸುವ ಚಟ ಬೇಡ. ಸುತ್ತಿಕೊಂಡರೆ ತಲೆ ಹಿಡಿದು ಎಳೆಯದೆ ಬಾಲದ ತುದಿಯಿಂದ ಬಿಚ್ಚುತ್ತ ಬನ್ನಿ. ಕಚ್ಚಿ ಹಿಡಿದರೆ ಬಾಯಂಚಿಗೆ ನಾಲ್ಕು ಹನಿ ಸ್ಪಿರಿಟ್ ಬಿಟ್ಟರೆ ಬಿಡುತ್ತದೆ. ಎಳೆದರೆ ಹಿಂಬಾಗಿದ ಹಲ್ಲು ಮುರಿದು ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಪೊರೆ ಬಿಡುವ ಮುನ್ನ ಹಾವಿನ ಕಣ್ಣಿಗೆ ಕವಿಯುವ ಮಂಜು ನಿನ್ನೆ ತಿಳಿಯಾಗಿದೆ, ಈ ವಾರದಲ್ಲೇ ಪೊರೆ ಬಿಡಬೇಕು. ಬಿಟ್ಟ ಪೊರೆಯಲ್ಲಿ ಎರಡು ಕಣ್ಣಿನ ಬಟ್ಟಲೂ ಬಾಲದ ತುದಿಯೂ ಇವೆಯೇ ನೋಡುವುದು. ಕಣ್ಣಿನದ್ದು ಉಳಿದುಕೊಂಡರೆ ಉಗುರು ಹಾಕಬಾರದು.

ಉಸಿರಿನಲ್ಲಿ ಸೀಟಿ, ಮೂಗಿನ ತುದಿಯಲ್ಲಿ ಗುಳ್ಳೆ, ಬಾಯಿ ಅರೆತೆರೆದು ತಲೆ ಮೇಲೆತ್ತಿ ಕೂರುವುದು, ಇವು ಕಂಡರೆ ಮನೆಮದ್ದಿಗೆ ಕೈಹಾಕದೆ ಬಿಸಿಯನ್ನು ಒಂದೆರಡು ಡಿಗ್ರಿ ಏರಿಸಿ ವೈದ್ಯರ ದಾರಿ ಹಿಡಿಯಿರಿ. ಹೊಟ್ಟೆಯ ಕೆಂಪು ಇನ್ನೂ ಗುಳ್ಳೆಯಾಗಿಲ್ಲದಿದ್ದರೆ ಪೊವಿಡೋನ್ ಅಯೋಡಿನ್ ಅನ್ನು ತಿಳಿ ಚಹಾದ ಬಣ್ಣಕ್ಕೆ ಬೆಚ್ಚಗಿನ ನೀರಿನಲ್ಲಿ ಕಲಸಿ, ಹತ್ತು ನಿಮಿಷ ಅದರಲ್ಲಿರಿಸಿ, ಪೂರ್ತಿ ಒರೆಸಿ ಒಣ ಕಾಗದದ ಮೇಲೆ ಬಿಡಬಹುದು. ಗೂಡು ತೊಳೆಯಲು ಫಿನೈಲ್ ಬೇಡ, ಕ್ಲೋರ್‌ಹೆಕ್ಸಿಡಿನ್ ಸಾಕು. ನುಸಿಗುಳಿಗೆ, ಸೊಳ್ಳೆಬತ್ತಿ ಆ ಕೋಣೆಗೆ ನಿಷಿದ್ಧ. ತೊಟ್ಟಿಯ ನೀರಿನಲ್ಲಿ ಗಸಗಸೆ ಗಾತ್ರದ ಕಪ್ಪು ಚುಕ್ಕೆ ಕಂಡರೆ ಹಾವಿಗೆ ನುಸಿ ಹತ್ತಿದೆ.

ಕಾಗದಪತ್ರದ ಮಾತು ಚುಟುಕಾಗಿ: ನಮ್ಮ ಹೆಬ್ಬಾವು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಮನೆಯಲ್ಲಿಡುವ ಪ್ರಶ್ನೆಯೇ ಇಲ್ಲ. ಮಣ್ಣುಮುಕ್ಕನೂ ಹಾಗೆಯೇ. ಬೋವಾದಂಥ ಹೊರದೇಶದವಕ್ಕೆ 2022ರ ತಿದ್ದುಪಡಿ ಮತ್ತು 2024ರ ಫೆಬ್ರುವರಿಯ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಮರಿ ಹಾಕಿದರೆ, ಸತ್ತರೆ, ಕೈ ಬದಲಾದರೆ ತಿಳಿಸಬೇಕು. ಪತ್ರವಿಲ್ಲದೆ ಮಾರುವವರ ಬಳಿ ಬೆಲೆ ಕೇಳುವುದೂ ವ್ಯರ್ಥ.

ಕೊನೆಗೆ ಪೆಟ್ಟಿಗೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡ ಜಿಲ್ಲೆಯಲ್ಲಿ ಹಾವು ಸಾಗಿಸುವ ಪೆಟ್ಟಿಗೆ ಜೂನ್‌ನಲ್ಲೇ ಬಾಗಿಲ ಬಳಿ ಬಂದಿರಬೇಕು. ಮೈಸೂರಿಗೆ ವೈದ್ಯರ ಬಳಿ ಹೋಗಲೂ ಅದೇ, ಸುಮಾರು 120 ಕಿ.ಮೀ. ದಾರಿ. ಮುಚ್ಚಳಕ್ಕೆ ಕೊಂಡಿಯಿರುವ 80 ಲೀಟರಿನ ಪ್ಲಾಸ್ಟಿಕ್ ಡಬ್ಬ, ಎರಡು ಬದಿಗೂ ಕಾಯಿಸಿದ ಮೊಳೆಯಿಂದ ತೂತು, ಒಳಗಿನಿಂದ ಹೊರಕ್ಕೆ ಚುಚ್ಚಿದ್ದು. ಇಲ್ಲದಿದ್ದರೆ ಚೂಪು ಅಂಚು ಹಾವಿಗೆ ತಾಗುತ್ತದೆ. ಒಳಗೆ ಗಂಟು ಹಾಕಿದ ದಪ್ಪ ಹತ್ತಿ ಚೀಲದಲ್ಲಿ ಹಾವು. ಚೀಲದ ಹೊರಗೆ, ಡಬ್ಬದ ಒಂದೇ ಬದಿಗೆ, ಬಿಸಿನೀರಿನ ಬಾಟಲಿ. ಮುಚ್ಚಳದ ಮೇಲೆ ನೋಂದಣಿ ಪತ್ರದ ಪ್ರತಿ, ಹಾವಿನ ತೂಕ, ಕೊನೆಯ ಊಟದ ತಾರೀಕು. ವೈದ್ಯರು ಮೊದಲು ಕೇಳುವುದು ತೂಕ ಮತ್ತು ಊಟದ ತಾರೀಕನ್ನೇ, ಚುಚ್ಚುಮದ್ದಿನ ಲೆಕ್ಕ ತೂಕದ ಮೇಲೆ ಹೋಗುತ್ತದೆ.