ಕೆಲಸಕ್ಕೆ ಏನು ಹಾಕ್ಕೊಂಡು ಹೋಗ್ಲಿ ಅಂತ ಕೇಳುವವರಿಗೆ

ನನ್ನ ಹೊಲಿಗೆ ಅಂಗಡಿಗೆ ಬರುವವರಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ತಾಲ್ಲೂಕು ಕಚೇರಿಗೆ ಹೊಸದಾಗಿ ಸೇರುವ ಹುಡುಗ, ಹರಿಹರದಿಂದ ದಿನಾ ಬಸ್ಸಿನಲ್ಲಿ ಓಡಾಡುವ ನರ್ಸ್, ಕ್ಯಾಂಪಸ್ ಇಂಟರ್‌ವ್ಯೂಗೆ ತಯಾರಾದ ಎಂಜಿನಿಯರಿಂಗ್ ಮಕ್ಕಳು, ಅವರ ಜೊತೆ ಬಂದ ಅಮ್ಮಂದಿರು, ಎಲ್ಲರದೂ ಒಂದೇ ಮಾತು: "ಅಕ್ಕಾ, ಕೆಲ್ಸಕ್ಕೆ ಏನ್ ಹಾಕ್ಕಂಡು ಹೋದ್ರೆ ಚೆಂದ? ಈಗೆಲ್ಲಾ ಜೀನ್ಸ್ ನಡೀತೈತಲ್ವಾ?"

ದಾವಣಗೆರೆಯಲ್ಲಿ ನಮ್ಮಪ್ಪ ಗಂಡಸರ ಬಟ್ಟೆ ಹೊಲಿದು ಮನೆ ನಡೆಸಿದರು. ನಾನು ಹೆಂಗಸರ ಬಟ್ಟೆ ಹೊಲಿಯುತ್ತೇನೆ, ಗಂಡಸರ ಆಲ್ಟರೇಷನ್ ಈಗಲೂ ತಗೊಳ್ತೇನೆ. ಮಿಷನ್ ಮುಂದೆ ಕೂತು ಎಲ್ಲರಿಗೂ ಪೂರ್ತಿ ಉತ್ತರ ಹೇಳಲು ಪುರುಸೊತ್ತು ಸಿಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಾಹೇಬರಿಗೆ ಹೇಗೆ ಕಾಣುತ್ತೀರಿ ಅನ್ನುವ ಚಿಂತೆ ಆಮೇಲಿರಲಿ. ನಿಮ್ಮ ಹತ್ತಿರ ಕೆಲಸ ಮಾಡಿಸಿಕೊಳ್ಳಲು ಬಂದು ನಿಲ್ಲುತ್ತಾರಲ್ಲ, ಅವರಿಗೆ ಹೇಗೆ ಕಾಣುತ್ತೀರಿ ಅಂತ ಮೊದಲು ಯೋಚಿಸಿ. ಜೊತೆಗೆ ಆ ಬಟ್ಟೆಯಲ್ಲಿ ಸಂಜೆವರೆಗೂ ಮೈಬಗ್ಗಿಸಿ ಕೆಲಸ ಮಾಡಲಾಗುತ್ತದೆಯೇ ನೋಡಿ. ಜೀನ್ಸೋ, ಪ್ಯಾಂಟೋ, ಸೀರೆಯೋ, ಚೂಡಿದಾರವೋ ಅನ್ನುವುದು ಇವೆರಡರ ನಂತರದ ಮಾತು.

"ಆಗಿನ ಕಾಲದಲ್ಲಿ ಎಲ್ಲರೂ ನೀಟಾಗಿ ಡ್ರೆಸ್ ಮಾಡ್ಕಂಡು ಆಫೀಸಿಗೆ ಬರ್ತಿದ್ರು" ಅಂತ ಹಿರಿಯರು ಹೇಳುವಾಗ, ಯಾವ ಕಾಲ ಅಂತ ಕೇಳಬೇಕು ಅನ್ನಿಸುತ್ತದೆ. ಕಚ್ಚೆಪಂಚೆ, ಮೇಲೊಂದು ಕೋಟು, ತಲೆಗೆ ರುಮಾಲು ಅಥವಾ ಟೋಪಿ, ಇದು ಒಂದು ಕಾಲದ ಮೇಷ್ಟ್ರುಗಳ, ಗುಮಾಸ್ತರ ಉಡುಪು. ಮುಂದಿನವರು ಪ್ಯಾಂಟು ಹಾಕಿದಾಗ ಅದೇ ಫ್ಯಾಷನ್ ಅನ್ನಿಸಿಕೊಂಡಿತು. ಎಪ್ಪತ್ತರ ದಶಕದಲ್ಲಿ ಬೆಲ್‌ಬಾಟಮ್ ಬಂತು. ಆಮೇಲೆ ಸಫಾರಿ. ಅಪ್ಪನ ಕೈ ಪಳಗಿದ್ದು ಸಫಾರಿಯಲ್ಲೇ: ಅರ್ಧ ತೋಳು, ಮುಂದೆ ನಾಲ್ಕು ಜೇಬು, ಅದೇ ಬಟ್ಟೆಯ ಪ್ಯಾಂಟು. ಜೀಪಿನಲ್ಲಿ ಊರೂರು ಸುತ್ತುವ ಎಂಜಿನಿಯರುಗಳು, ಬ್ಯಾಂಕ್ ಮ್ಯಾನೇಜರುಗಳು ಅದನ್ನು ಬಹಳ ಇಷ್ಟಪಟ್ಟರು. ಟೆರಿಕಾಟ್ ಬಟ್ಟೆ ಸುಕ್ಕಾಗುವುದಿಲ್ಲ, ಇನ್‌ಶರ್ಟ್ ಮಾಡಬೇಕಿಲ್ಲ, ಟೇಪು, ಪೆನ್ನು, ಚೀಟಿ ಎಲ್ಲಕ್ಕೂ ಜೇಬಿದೆ. ಕೆಲಸಕ್ಕೆ ಅನುಕೂಲವಾಗಿತ್ತು, ಹಾಗಾಗಿ ನಿಂತಿತು. ಇವತ್ತು ಸಫಾರಿ ಹಾಕಿ ಐಟಿ ಕಂಪನಿಗೆ ಹೋದರೆ ಸೆಕ್ಯೂರಿಟಿಯವರು ಅಂದುಕೊಳ್ಳುತ್ತಾರೆ. ಬಟ್ಟೆಯ ಮರ್ಯಾದೆ ಅನ್ನುವುದು ಹೀಗೆ ಒಂದೊಂದು ತಲೆಮಾರಿಗೆ ಒಂದೊಂದು ಕಡೆ ಸರಿದಿದೆ.

ಜೀನ್ಸನ್ನೇ ನೋಡಿ. ತಾಮ್ರದ ರಿವೆಟ್, ಅಂದರೆ ಗುಂಡು ಮೊಳೆ, ಹೊಡೆದ ಪ್ಯಾಂಟಿಗೆ ಅಮೆರಿಕದಲ್ಲಿ ಲೆವಿ ಸ್ಟ್ರಾಸ್, ಜೇಕಬ್ ಡೇವಿಸ್ ಪೇಟೆಂಟ್ ಪಡೆದದ್ದು 1873ರಲ್ಲಿ. ಮೈಮುರಿದು ದುಡಿಯುವವರ ಜೇಬು ಹರಿಯಬಾರದು ಅಂತ ಹೊಲಿದ ಬಟ್ಟೆ ಅದು. ಹುಟ್ಟಿದ್ದೇ ಕೆಲಸಕ್ಕಾಗಿ, ಆದರೂ ಕಚೇರಿಗಳಲ್ಲಿ ಬೇಡದ ಬಟ್ಟೆಯಾಯಿತು. ಮಹಾರಾಷ್ಟ್ರ ಸರ್ಕಾರ 2020ರ ಡಿಸೆಂಬರಿನಲ್ಲಿ ತನ್ನ ನೌಕರರಿಗೆ ಜೀನ್ಸ್, ಟೀ ಶರ್ಟ್, ಚಪ್ಪಲಿ ಬೇಡ ಅಂತ ಸುತ್ತೋಲೆ ಹೊರಡಿಸಿ, ಕೆಲವೇ ತಿಂಗಳಲ್ಲಿ ಜೀನ್ಸ್ ಮಟ್ಟಿಗೆ ಅದನ್ನು ಸಡಿಲಿಸಿತು. ಇನ್ಫೋಸಿಸ್ 2015ರ ಜೂನ್‌ನಿಂದಲೇ ವಾರದ ಎಲ್ಲಾ ದಿನ ಕ್ಯಾಶುವಲ್ಸ್‌ಗೆ ಅವಕಾಶ ಕೊಟ್ಟಿದೆ. ಇಷ್ಟಾದರೂ ನಮ್ಮೂರಿನ ಮಕ್ಕಳು ಇಂಟರ್‌ವ್ಯೂಗೆ ಅಂತ ಸಾಲ ಮಾಡಿ ಬ್ಲೇಜರ್ ತರುತ್ತಾರೆ. ಬೇಡಪ್ಪ. ತಿಳಿ ಬಣ್ಣದ ಒಂದು ಕಾಟನ್ ಶರ್ಟು, ಗಾಢ ಬಣ್ಣದ ಪ್ಯಾಂಟು, ಇಸ್ತ್ರಿ, ಪಾಲಿಷ್ ಮಾಡಿದ ಶೂ ಇದ್ದರೆ ಸಾಕು. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಯ ಮೇಲೆ ಕೂತರೆ ಇನ್ನೂರು ರೂಪಾಯಿಯ ಬಟ್ಟೆಯೂ ಚೆನ್ನಾಗಿ ಕಾಣುತ್ತದೆ. ಅದು ತೋಳಿನ ಮೇಲೆ ಜಾರಿದ್ದರೆ ಎಷ್ಟು ದುಡ್ಡು ಕೊಟ್ಟಿದ್ದರೂ ಅಣ್ಣನ ಶರ್ಟು ಹಾಕಿದ ಹಾಗೆ.

ವಕೀಲರ ನಿಯಮ ಗೊತ್ತಾದಾಗ ನನಗೆ ಬಹಳ ಖುಷಿಯಾಗಿತ್ತು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮದ ಪ್ರಕಾರ ಕರಿ ಕೋಟು, ಕುತ್ತಿಗೆಯ ಬಿಳಿ ಬ್ಯಾಂಡಿನ ಜೊತೆಗೆ ಪ್ಯಾಂಟೂ ಹಾಕಬಹುದು, ಪಂಚೆಯನ್ನೂ ಉಡಬಹುದು. ಜೀನ್ಸ್ ಮಾತ್ರ ಕೂಡದು. ಹೆಂಗಸರಿಗೆ ಸೀರೆಯೂ ಆದೀತು, ಸಲ್ವಾರ್ ಕುರ್ತಾನೂ ಆದೀತು. ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಉಳಿದ ಕಡೆ ಬೇಸಿಗೆಯಲ್ಲಿ ಕರಿ ಕೋಟು ಕಡ್ಡಾಯವೂ ಅಲ್ಲ. ಅಂದರೆ ನಮ್ಮೂರಿನ ಕೋರ್ಟಿನಲ್ಲಿ ಏಪ್ರಿಲ್ ತಿಂಗಳಲ್ಲಿ ಕೋಟಿಲ್ಲದೆ ನಿಂತ ವಕೀಲರಿಗೂ ಕಾನೂನಿನ ಮರ್ಯಾದೆ ಅಷ್ಟೇ ಇದೆ.

ಇಲ್ಲಿ ಹೇಳಲೇಬೇಕಾದ ಮಾತೊಂದಿದೆ. ಜಗಳೂರು, ಚನ್ನಗಿರಿ ಕಡೆಯಿಂದ ಪಹಣಿಗೋ, ಜಮೀನು ಅಳೆದು ಪಾಲು ಬೇರೆ ಮಾಡಿಸುವ ಪೋಡಿಗೋ ಕಚೇರಿಗೆ ಬರುವ ರೈತರನ್ನು ಗಮನಿಸಿ. ಬಾಗಿಲ ಹೊರಗೆ ಟವಲ್ಲು ಹೆಗಲ ಮೇಲೆ ಇರುತ್ತದೆ. ಹೊಸ್ತಿಲು ದಾಟುವಾಗ ಅದು ತಾನಾಗಿ ಕೆಳಗಿಳಿದು ಕಂಕುಳಿಗೆ ಹೋಗುತ್ತದೆ. ಚಪ್ಪಲಿ ಹೊರಗೆ. ಯಾರೂ ಹೇಳಿರುವುದಿಲ್ಲ, ಬೋರ್ಡೂ ಇಲ್ಲ. ಟೇಬಲ್ಲಿನ ಆ ಕಡೆಯವರ ಬಟ್ಟೆ, ಕುರ್ಚಿ, ದನಿ, ಎಲ್ಲಾ ಸೇರಿ ಆ ಟವಲ್ಲನ್ನು ಇಳಿಸಿರುತ್ತವೆ. ಪಂಚೆ ಉಟ್ಟ ಹೆಚ್.ಡಿ. ದೇವೇಗೌಡರು 1996ರಲ್ಲಿ ದೇಶದ ಪ್ರಧಾನಿಯಾದರು. ಅದೇ ರಾಜ್ಯದ ರಾಜಧಾನಿಯಲ್ಲಿ, 2024ರ ಜುಲೈನಲ್ಲಿ, ಹಾವೇರಿ ಕಡೆಯ ವಯಸ್ಸಾದ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆ ಅಂತ ಮಾಲ್ ಒಂದರ ಬಾಗಿಲಲ್ಲಿ ತಡೆದರು. ಮಗ ಅವರನ್ನು ಸಿನಿಮಾ ತೋರಿಸಲು ಕರೆದುಕೊಂಡು ಬಂದಿದ್ದ. ಆ ಸುದ್ದಿ ನೋಡಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮಪ್ಪನೂ ಮನೆಯಲ್ಲಿ, ಊರಲ್ಲಿ, ಮದುವೆಯಲ್ಲಿ ಪಂಚೆಯಲ್ಲೇ ಇದ್ದವರು. ಎಪಿಎಂಸಿ ಮಂಡಿಗಳಲ್ಲಿ ಲಕ್ಷಗಟ್ಟಲೆ ವ್ಯಾಪಾರವನ್ನು ಬಿಳಿ ಪಂಚೆ, ಬಿಳಿ ಅಂಗಿಯವರು ಮಾಡುವುದನ್ನು ಈ ಊರು ದಿನಾ ನೋಡುತ್ತದೆ.

ಅದಕ್ಕೇ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ಹೇಳುತ್ತೇನೆ, ನಿಮ್ಮ ಬಟ್ಟೆ ಎದುರಿನವರ ಹೆಗಲಿನ ಟವಲ್ಲು ಇಳಿಸಬಾರದು. ಹಾಗಂತ ಹರಿದ ಜೀನ್ಸು, ನಾಲ್ಕು ದಿನ ಒಗೆಯದ ಟೀ ಶರ್ಟು ಸರಿಯೂ ಅಲ್ಲ. ನೂರು ರೂಪಾಯಿ ಬಸ್‌ಚಾರ್ಜು ಕೊಟ್ಟು, ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು ಬಂದವರ ಎದುರು ನೀವು ಮಲಗೆದ್ದವರ ಹಾಗೆ ಕೂತರೆ ಅವರ ಕೆಲಸಕ್ಕೆ ನೀವು ಬೆಲೆ ಕೊಟ್ಟಿಲ್ಲ ಅಂತಾಗುತ್ತದೆ.

ಹೆಣ್ಣುಮಕ್ಕಳ ವಿಷಯ ಬೇರೆಯೇ. ಗಂಡಸರ ಬಟ್ಟೆ ಬದಲಾದಾಗ ಫ್ಯಾಷನ್ ಅಂದರು, ಹೆಂಗಸರದ್ದು ಬದಲಾದಾಗ ನಡತೆಯ ಪ್ರಶ್ನೆ ಎತ್ತಿದರು. ಟೀಚರುಗಳು ಸೀರೆಯಿಂದ ಚೂಡಿದಾರಕ್ಕೆ ಬರುವಾಗ ಸ್ಟಾಫ್ ರೂಮಿನಲ್ಲಿ ಕೇಳಿದ ಮಾತುಗಳನ್ನು ನನ್ನ ಗಿರಾಕಿಗಳು ಇನ್ನೂ ಮರೆತಿಲ್ಲ. ಆದರೆ ಅವರು ಬದಲಾದದ್ದು ಚೆಂದಕ್ಕಲ್ಲ. ಬೆಳಿಗ್ಗೆ ಅಡುಗೆ ಮುಗಿಸಿ, ಸ್ಕೂಟಿ ಹತ್ತಿ, ಹಳ್ಳಿ ಶಾಲೆಗೆ ಹೋಗಿ, ಇಡೀ ದಿನ ನಿಂತು ಪಾಠ ಮಾಡುವವರಿಗೆ ನೆರಿಗೆ ಸರಿಮಾಡುತ್ತಾ ಕೂರಲು ಹೊತ್ತೆಲ್ಲಿ? ಸೀರೆಯೇ ಸಲೀಸು ಅನ್ನುವವರೂ ಇದ್ದಾರೆ, ಅವರಿಗೆ ಸೀರೆಯೇ ಸರಿ. ಆಯ್ಕೆ ಉಡುವವರದ್ದಾಗಿರಬೇಕು, ಅಷ್ಟೇ.

ಈಗ ನನ್ನ ಹತ್ತಿರ ಹೆಚ್ಚು ಬರುವ ಬೇಡಿಕೆ ಜೇಬು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ತಪ್ಪಿತಲ್ಲ, ತುಂಬಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಆಧಾರ್ ಕಾರ್ಡ್ ತೆಗೆಯಬೇಕು. ರೆಡಿಮೇಡ್ ಟಾಪಿನಲ್ಲಿ ಜೇಬಿರುವುದೇ ಅಪರೂಪ, ಇದ್ದರೂ ಎರಡು ಬೆರಳು ಹೋಗುವಷ್ಟು. ನಾನು ಬಲಗಡೆ ಸೈಡ್ ಹೊಲಿಗೆಯಲ್ಲಿ, ಸೀಳು ಶುರುವಾಗುವುದಕ್ಕಿಂತ ಮೇಲೆ, ಅಂಗೈ ಪೂರ್ತಿ ಇಳಿಯುವಷ್ಟು ಆಳದ ಜೇಬಿಡುತ್ತೇನೆ. ಜೇಬಿನ ಚೀಲಕ್ಕೆ ಗಟ್ಟಿ ಕಾಟನ್, ಬಾಯಿಗೆ ಎರಡು ಹೊಲಿಗೆ. ಫೋನಿನ ಭಾರಕ್ಕೆ ಟಾಪು ಒಂದು ಕಡೆ ಜಗ್ಗಬಾರದು ಅಂದರೆ ಜೇಬಿನ ಮೇಲ್ತುದಿಯನ್ನು ಸೊಂಟದ ಹತ್ತಿರ ಒಳಗಿನಿಂದ ಒಂದು ಪಟ್ಟಿಗೆ ಸೇರಿಸಬೇಕು. ನರ್ಸ್ ಒಬ್ಬರು ಟ್ರಯಲ್ ನೋಡಿ, ಕೈ ಒಳಗಿಟ್ಟು, "ಇದೊಂದು ಇದ್ರೆ ಬ್ಯಾಗೇ ಬ್ಯಾಡಕ್ಕ" ಅಂದರು. ಆಫೀಸ್ ಡ್ರೆಸ್ ಹೇಗಿರಬೇಕು ಅಂತ ಚರ್ಚೆ ಮಾಡುವ ಗಂಡಸರು ಯಾರೂ ಈ ಜೇಬಿನ ಮಾತೆತ್ತಿದ್ದನ್ನು ನಾನು ಕೇಳಿಲ್ಲ.

ಬಿಸಿಲಿನ ಮಾತೂ ಹಾಗೆಯೇ. ಜಪಾನ್ ಸರ್ಕಾರ 2005ರಲ್ಲಿ 'ಕೂಲ್ ಬಿಜ್' ಅಂತ ಶುರು ಮಾಡಿ, ಬೇಸಿಗೆಯಲ್ಲಿ ಏಸಿಯನ್ನು 28 ಡಿಗ್ರಿಗೆ ಇಡಿ, ಕೋಟು ಟೈ ಬಿಟ್ಟು ಬನ್ನಿ ಅಂತ ಕಚೇರಿಗಳಿಗೆ ಹೇಳಿತು. ಅಷ್ಟು ಶಿಸ್ತಿನ ದೇಶವೇ ಹವೆ ನೋಡಿ ಬಟ್ಟೆ ಬದಲಿಸಿತು. ನಮ್ಮಲ್ಲಿ ಒಂದು ಫ್ಯಾನು ಕಿರುಗುಟ್ಟುವ ಹಾಲಿನಲ್ಲಿ ಸೇಲ್ಸ್ ಹುಡುಗರಿಗೆ ಪಾಲಿಸ್ಟರ್ ಶರ್ಟು, ಕುತ್ತಿಗೆಗೆ ಟೈ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಮಾಡಿದ, ಕಾಟನ್ ಮಿಲ್ಲುಗಳಿಂದ ಬೆಳೆದ ಊರಿದು. ಮಿಲ್ಲುಗಳ ಸದ್ದು ನಿಂತಿರಬಹುದು, ಕಾಟನ್ ಅಂಗಿಗೆ ನಮ್ಮಲ್ಲಿ ಬರವಿಲ್ಲ.

ಆ ಹುಡುಗರು, ಹುಡುಗಿಯರ ಪರವಾಗಿ ಮಾಲೀಕರಲ್ಲಿ ಒಂದು ಮಾತು ಕೇಳಬೇಕಿದೆ. ಅಂಗಡಿ, ಶೋರೂಮ್, ಖಾಸಗಿ ಶಾಲೆಗಳಲ್ಲಿ ಯೂನಿಫಾರ್ಮ್ ಇಡುವುದು ನಿಮ್ಮ ಇಷ್ಟ, ಅದರಿಂದ ಬಡವರ ಮಕ್ಕಳಿಗೆ ದಿನಾ ಏನು ಹಾಕಲಿ ಅನ್ನುವ ಚಿಂತೆಯೂ ತಪ್ಪುತ್ತದೆ. ಆದರೆ ಮೊದಲ ತಿಂಗಳ ಸಂಬಳದಲ್ಲೇ ಯೂನಿಫಾರ್ಮಿನ ದುಡ್ಡು ಹಿಡಿದುಕೊಂಡರು ಅಂತ ಅಳುಮುಖ ಮಾಡಿ, ಹೊಲಿಗೆ ಕೂಲಿಯನ್ನು ಎರಡು ಕಂತಿನಲ್ಲಿ ಕೊಡಲಾ ಅಂತ ಕೇಳಿದ ಮಕ್ಕಳನ್ನು ನಾನು ನೋಡಿದ್ದೇನೆ. ಬಟ್ಟೆ ನೀವೇ ಕೊಡಿಸಿ, ಹೊಲಿಗೆ ಕೂಲಿಯನ್ನೂ ನೀವೇ ಕೊಡಿ. ಮಳೆಗಾಲದಲ್ಲಿ ಒಗೆದ ಬಟ್ಟೆ ರಾತ್ರಿ ಕಳೆಯುವಷ್ಟರಲ್ಲಿ ಒಣಗುವುದಿಲ್ಲ, ಆದ್ದರಿಂದ ಎರಡಲ್ಲ, ಮೂರು ಜೊತೆ. ಬಟ್ಟೆಯಲ್ಲಿ ಕಾಟನ್ ಪಾಲು ಹೆಚ್ಚಿರಲಿ. ಹುಡುಗಿಯರ ಟಾಪಿಗೆ ಜೇಬು ಇರಲಿ. ಇನ್ನೊಂದು, ಹೊಲಿಸುವಾಗ ಒಳಗಡೆ ಎರಡು ಇಂಚು ಬಟ್ಟೆ ಬಿಡಿಸಿ. ಮೈ ತುಂಬಿದಾಗ, ಬಸುರಿಯಾದಾಗ ಬಿಚ್ಚಿ ದೊಡ್ಡದು ಮಾಡಿಕೊಳ್ಳಲು ಬರುತ್ತದೆ.