40 ಸೆಂಟ್ಸ್ ಮಳೆ 80 ಆದಾಗ

2023ರ ಮೇ 31ಕ್ಕೆ ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆಯ 18.04ನೇ ಆವೃತ್ತಿಯ ಸಾಮಾನ್ಯ ಬೆಂಬಲದ ಅವಧಿ ಮುಗಿಯುವುದಿತ್ತು. ನಾನು ನೋಡಿಕೊಳ್ಳುವ ಸರ್ವರ್ ಅದರ ಮೇಲೆಯೇ ನಡೆಯುತ್ತಿತ್ತು. ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪ ಸುತ್ತಿನ ಕಾಫಿ ಬೆಳೆಗಾರರು ತಮ್ಮ ತೋಟದ ಮಳೆಯ ಲೆಕ್ಕವನ್ನು ದಿನಾ ಬೆಳಿಗ್ಗೆ ದಾಖಲಿಸುವ ತಾಣವದು. ನಮ್ಮ ಬೆಳೆಗಾರರಿಗೆ ಮಳೆಯೆಂದರೆ ಇಂಚು ಮತ್ತು ಸೆಂಟ್ಸ್, ಅಂದರೆ ಇಂಚಿನ ನೂರನೇ ಒಂದು ಭಾಗ. ಕಾಫಿಯ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಸಾಕಾಯಿತೇ, ಇಲ್ಲದಿದ್ದರೆ ಸ್ಪ್ರಿಂಕ್ಲರ್ ಹಚ್ಚಬೇಕೇ ಎಂಬುದನ್ನೆಲ್ಲ ಅವರು ಈ ಅಂಕಿಗಳನ್ನು ನೋಡಿಯೇ ತೀರ್ಮಾನಿಸುತ್ತಾರೆ. ಲೆಕ್ಕ ತಪ್ಪುವುದಾದರೆ ಇಂಥ ತಾಣ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ.

ಸರ್ವರ್ ಅನ್ನು ಸಜ್ಜುಗೊಳಿಸಿದ್ದವರು ನನಗಿಂತ ಮೊದಲು ಈ ಕೆಲಸದಲ್ಲಿದ್ದ ಹಿರಿಯ ಗೆಳೆಯರು. ಪುಟಗಳನ್ನು ಓದುಗರಿಗೆ ಕಳುಹಿಸುವ ಎಂಜಿನ್‌ಎಕ್ಸ್ ಮತ್ತು ದಾಖಲೆಗಳನ್ನು ಇಟ್ಟುಕೊಳ್ಳುವ ಡೇಟಾಬೇಸ್ ಪೋಸ್ಟ್‌ಗ್ರೆಸ್ 11 ಎರಡನ್ನೂ ಅವರು ಸೋರ್ಸ್ ಕೋಡ್‌ನಿಂದ ತಾವೇ ಕಂಪೈಲ್ ಮಾಡಿ ಹಾಕಿದ್ದರು. ಹೀಗೆ ಕಟ್ಟಿದ ತಂತ್ರಾಂಶದ ಪರಿಚಯ, ಸಿದ್ಧ ತಂತ್ರಾಂಶಗಳನ್ನು ಹಾಕಿ ನವೀಕರಿಸುವ ಉಬುಂಟುವಿನ ಪ್ಯಾಕೇಜ್ ವ್ಯವಸ್ಥೆಗೆ ಇರುವುದಿಲ್ಲ. ಕಾರ್ಯಾಚರಣಾ ವ್ಯವಸ್ಥೆ ಮೇಲ್ದರ್ಜೆಗೇರುವಾಗ ಇವು ಇದ್ದಲ್ಲೇ ಇರುತ್ತವೆ, ಇವು ನೆಚ್ಚಿಕೊಂಡ ಲೈಬ್ರರಿಗಳು, ಅಂದರೆ ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಕೋಡ್, ಮಾತ್ರ ಬದಲಾಗಿಬಿಡುತ್ತವೆ.

ಅವರಿಗೆ ಫೋನ್ ಮಾಡಿ ಕೇಳಿದೆ: "ಎಂಜಿನ್‌ಎಕ್ಸ್ ಅನ್ನು ಪ್ಯಾಕೇಜ್‌ನಿಂದ ಏಕೆ ಹಾಕಲಿಲ್ಲ ಅಣ್ಣ?"

"ಬ್ರಾಟ್ಲಿ ಮಾಡ್ಯೂಲ್ ಬೇಕಿತ್ತು. ಕೊಟ್ಟಿಗೆಹಾರದಲ್ಲಿ ಒಂದು ಕಡ್ಡಿ ಸಿಗ್ನಲ್ ಇದ್ದರೂ ಪುಟ ತೆರೆಯಬೇಕಲ್ಲವೇ?"

ಪುಟವನ್ನು ಇನ್ನಷ್ಟು ಹಿಂಡಿ ಕಳುಹಿಸುವ ಸಂಕೋಚನ ವಿಧಾನ ಬ್ರಾಟ್ಲಿ. ಕಾರಣ ಕೇಳಿದ ಮೇಲೆ ಅದನ್ನು ತೆಗೆದುಹಾಕುವ ಯೋಚನೆಯನ್ನೇ ಬಿಟ್ಟೆ.

ಹೊಸ ಸರ್ವರ್ ಪಡೆದು ಎಲ್ಲವನ್ನೂ ಅಲ್ಲಿಗೆ ಸಾಗಿಸಬಹುದಿತ್ತು. ಆದರೆ ಕೆಲವು ತೋಟಗಳ ಸ್ವಯಂಚಾಲಿತ ಮಳೆಮಾಪಕಗಳಲ್ಲಿ ಹಳೆಯ ಐಪಿ ವಿಳಾಸವೇ ಕೂತಿತ್ತು. ಆದ್ದರಿಂದ ಇದ್ದಲ್ಲೇ ಏರಿಸಬೇಕು, ಅದೂ ನಾನು ಗುರಿಯಿಟ್ಟ 22.04ನೇ ಆವೃತ್ತಿಗೆ ನೇರವಾಗಿ ಜಿಗಿಯುವಂತಿಲ್ಲ, ನಡುವೆ 20.04ರ ಮೆಟ್ಟಿಲು ಹತ್ತಲೇಬೇಕು. ಮೊದಲು ಸರ್ವರ್‌ನ ಒಂದು ನಕಲು ಪ್ರತಿ ಮಾಡಿಕೊಂಡು ಅದರ ಮೇಲೆ ಪ್ರಯೋಗಕ್ಕೆ ಕುಳಿತೆ.

ಆ ನಕಲು ಪ್ರತಿ 20.04ಕ್ಕೆ ಏರಿತು. ಡೇಟಾಬೇಸ್‌ಗೆ ಆಜ್ಞೆ ಕೊಡುವ ಪಿಎಸ್‌ಕ್ಯೂಎಲ್, ರೀಡ್‌ಲೈನ್ ಲೈಬ್ರರಿಯ 7ನೇ ಆವೃತ್ತಿ ಕಾಣುತ್ತಿಲ್ಲವೆಂದು ತಕ್ಷಣ ದೂರಿತು. ಅದು ದೊಡ್ಡ ವಿಷಯವಲ್ಲ, ಪ್ಯಾಕೇಜ್‌ನಲ್ಲಿ ಬರುವ ಪಿಎಸ್‌ಕ್ಯೂಎಲ್ ಹಾಕಿಕೊಂಡೆ. ಪೋಸ್ಟ್‌ಗ್ರೆಸ್ ಮಾತ್ರ ತಕರಾರಿಲ್ಲದೆ ಶುರುವಾಯಿತು, ತಾಣವೂ ತೆರೆಯಿತು. ಪರೀಕ್ಷೆಗೆಂದು, ಆಗಲೇ ದಾಖಲಾಗಿದ್ದ ಒಂದು ದಿನದ ಮಳೆಯನ್ನೇ ಮತ್ತೊಮ್ಮೆ ಕಳುಹಿಸಿದೆ. ಒಂದು ಮಾಪಕಕ್ಕೆ ದಿನಕ್ಕೊಂದೇ ದಾಖಲೆ ಎಂಬ ನಿಯಮ ಡೇಟಾಬೇಸ್‌ನಲ್ಲೇ ಇರುವುದರಿಂದ ಅದನ್ನು ತಿರಸ್ಕರಿಸಬೇಕಿತ್ತು. ತಿರಸ್ಕರಿಸಲಿಲ್ಲ. ಆ ದಿನದ 40 ಸೆಂಟ್ಸ್ ಮಳೆ 80 ಸೆಂಟ್ಸ್ ಆಗಿ ತೆರೆಯ ಮೇಲೆ ಕುಳಿತಿತ್ತು. ಲಾಗ್‌ನಲ್ಲಿ ಒಂದು ಎಚ್ಚರಿಕೆಯ ಸಾಲೂ ಇರಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಆ ಮಾಪಕದ ಸಂಕೇತ 1-1. ಪಟ್ಟಿಯಲ್ಲಿ 11 ಎಂಬ ಇನ್ನೊಂದು ಮಾಪಕವೂ ಇತ್ತು. ಇವೆರಡರಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದನ್ನು ಪೋಸ್ಟ್‌ಗ್ರೆಸ್ ತಾನು ನಿರ್ಧರಿಸುವುದಿಲ್ಲ, ವ್ಯವಸ್ಥೆಯ ಜಿಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. ಜಿಲಿಬ್‌ಸಿ 2.28ರಲ್ಲಿ ಈ ಅನುಕ್ರಮದ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಬದಲಾದವು. 18.04ರಲ್ಲಿದ್ದದ್ದು 2.27, 20.04ರಲ್ಲಿರುವುದು 2.31. ನಮ್ಮ ಡೇಟಾಬೇಸ್‌ನ ಲೊಕೇಲ್‌ನಲ್ಲಿ, ಅಂದರೆ ಭಾಷೆ-ಪ್ರದೇಶದ ಸೆಟ್ಟಿಂಗ್‌ನಲ್ಲಿ, ಹಳೆಯ ನಿಯಮದಂತೆ 11 ಮೊದಲು, 1-1 ಆಮೇಲೆ, ಹೊಸದರಲ್ಲಿ ತಿರುಗುಮುರುಗು. ದಾಖಲೆಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ, ಅಂದರೆ ಇಂಡೆಕ್ಸ್, ಜೋಡಣೆಯಾದದ್ದು ಹಳೆಯ ಕ್ರಮದಲ್ಲಿ, ಹುಡುಕಾಟ ನಡೆದದ್ದು ಹೊಸ ಕ್ರಮದಲ್ಲಿ. ಗೋಡೌನಿನಲ್ಲಿ ಮೂಟೆಗಳು ಇದ್ದಲ್ಲೇ ಇರಲು ಗೋಡೆಯ ಮೇಲಿನ ನಂಬರುಗಳನ್ನು ಮಾತ್ರ ಅದಲುಬದಲು ಮಾಡಿದಂತೆ. ಡೇಟಾಬೇಸ್ ತಪ್ಪಾದ ಜಾಗದಲ್ಲಿ ನೋಡಿ, ಇಂಥ ದಾಖಲೆ ಇಲ್ಲವೆಂದುಕೊಂಡು ಹೊಸದನ್ನು ಸೇರಿಸಿತ್ತು. ಇಂಡೆಕ್ಸ್ ಪರೀಕ್ಷಿಸುವ ಆಮ್‌ಚೆಕ್ ಓಡಿಸಿದಾಗ, ಕ್ರಮ ಕೆಟ್ಟಿದೆ ಎಂಬ ಉತ್ತರವೇ ಬಂತು.

ಮುಂದಿನ ಮೆಟ್ಟಿಲಿನಲ್ಲಿ ಎಂಜಿನ್‌ಎಕ್ಸ್ ಕೆಟ್ಟಿತು. 22.04ರಲ್ಲಿರುವುದು ಸಂಪರ್ಕವನ್ನು ಭದ್ರಪಡಿಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ 3.0, ಹಳೆಯ 1.1ರ ಲೈಬ್ರರಿ ಇಲ್ಲವೆಂದು ಅದು ಏಳಲೇ ಇಲ್ಲ. ಇಂಥ ತೊಂದರೆಯನ್ನು ನಾನು ಸಂತೋಷದಿಂದ ಸ್ವೀಕರಿಸುತ್ತೇನೆ. ಏನು ಬೇಕೆಂದು ಅದೇ ಹೇಳುತ್ತದೆ.

ನಿಜವಾದ ಸರ್ವರ್‌ಗೆ ಕೈಹಾಕಿದ್ದು ಮೇ ತಿಂಗಳ ಕೊನೆಯ ಭಾನುವಾರ, ಬೆಳಗಿನ ದಾಖಲೆಗಳೆಲ್ಲ ಬಂದ ಮೇಲೆ. ಹಳೆಯ ವ್ಯವಸ್ಥೆಯಲ್ಲೇ ಇಡೀ ಡೇಟಾಬೇಸ್‌ನ ಡಂಪ್, ಅಂದರೆ ಪೂರ್ತಿ ನಕಲು, ತೆಗೆದು, ತಾಣವನ್ನು ನಿಲ್ಲಿಸಿ, ಮೊದಲ ಮೆಟ್ಟಿಲು ಶುರು ಮಾಡಿದೆ. ಅರ್ಧ ದಾರಿಯಲ್ಲಿ ಮುಳ್ಳಯ್ಯನಗಿರಿ ಕಡೆಯಿಂದ ಗುಡುಗು ಕೇಳಿಸಿತು. ಐ.ಜಿ. ರಸ್ತೆಯ ನಮ್ಮ ಕಚೇರಿಯಲ್ಲಿ ಕರೆಂಟ್ ಹೋಯಿತು, ರೌಟರ್ ಆರಿತು. ಸರ್ವರ್ ಇದ್ದದ್ದು ಬೆಂಗಳೂರಿನಲ್ಲಿ. ದೂರದಿಂದ ಏರಿಸುವಾಗ ಉಬುಂಟು ಮುನ್ನೆಚ್ಚರಿಕೆಯಾಗಿ 1022ನೇ ಪೋರ್ಟ್‌ನಲ್ಲಿ ಇನ್ನೊಂದು ಬಾಗಿಲು ತೆರೆದಿಡುತ್ತದೆ, ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ಅದನ್ನು ಸ್ಕ್ರೀನ್ ಎಂಬ ತಂತ್ರಾಂಶದೊಳಗೆ ನಡೆಸುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಆ ಬಾಗಿಲಿನಿಂದ ಒಳಹೊಕ್ಕಾಗ ಅದು ತನ್ನ ಪಾಡಿಗೆ ಪ್ಯಾಕೇಜ್‌ಗಳನ್ನು ಹಾಕುತ್ತಲೇ ಇತ್ತು. ಈ ವ್ಯವಸ್ಥೆ ರೂಪಿಸಿದವರಿಗೆ ಮಲೆನಾಡಿನ ಮಳೆಗಾಲ ಗೊತ್ತಿದ್ದಿರಬೇಕು!

22.04 ತಲುಪಿದ ಮೇಲೆ ಅದರ ಪ್ಯಾಕೇಜ್‌ನಲ್ಲೇ ಬರುವ ಪೋಸ್ಟ್‌ಗ್ರೆಸ್ 14ಕ್ಕೆ ಡಂಪ್ ತುಂಬಿದೆ. ಹೀಗೆ ತುಂಬುವಾಗ ಇಂಡೆಕ್ಸ್‌ಗಳು ಹೊಸ ನಿಯಮದಂತೆ ಹೊಸದಾಗಿಯೇ ಕಟ್ಟಿಕೊಳ್ಳುತ್ತವೆ. ಎಂಜಿನ್‌ಎಕ್ಸ್ ಕೂಡ ಪ್ಯಾಕೇಜ್‌ನದ್ದೇ. ಬ್ರಾಟ್ಲಿಯನ್ನು ಮಾತ್ರ ಪ್ರತ್ಯೇಕ ಮಾಡ್ಯೂಲ್ ಆಗಿ ಕಂಪೈಲ್ ಮಾಡಿ, ಹಂತಗಳನ್ನೆಲ್ಲ ಒಂದು ಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟೆ. ಮೊದಲ ಸಾಲಿನಲ್ಲಿ ಕೊಟ್ಟಿಗೆಹಾರದ ಕಾರಣವೂ ಇದೆ.

ಸಂಜೆ ಬಾಳೆಹೊನ್ನೂರು ಕಡೆಯ ಹಿರಿಯ ಬೆಳೆಗಾರರೊಬ್ಬರಿಗೆ ಫೋನ್ ಮಾಡಿದೆ. ಅವರು ಮಳೆಯನ್ನು ತಾಣಕ್ಕೂ ಹಾಕುತ್ತಾರೆ, ಡೈರಿಯಲ್ಲೂ ಬರೆಯುತ್ತಾರೆ.

"ಗೌಡರೇ, ಈ ತಿಂಗಳ ಒಟ್ಟು ಎಷ್ಟಿದೆ ನೋಡಿ ಹೇಳುತ್ತೀರಾ?"

ಅವರು ಒಂದೊಂದೇ ದಿನದ್ದನ್ನು ಓದುತ್ತಾ ಹೋದರು, ನಾನು ತೆರೆಯ ಮೇಲೆ ಬೆರಳಿಟ್ಟು ತಾಳೆ ನೋಡಿದೆ. ಒಂದು ಸೆಂಟ್ಸ್ ಹೆಚ್ಚುಕಡಿಮೆ ಇರಲಿಲ್ಲ.

"ಇಷ್ಟೇ ಸಾಕೇನಪ್ಪ? ಹೋದ ವರ್ಷದ್ದೂ ಇದೆ," ಎಂದರು.

"ಓದಿ ಗೌಡರೇ," ಎಂದೆ. ಅದನ್ನೂ ತಾಳೆ ನೋಡಿ ಮುಗಿಸುವಷ್ಟರಲ್ಲಿ ಕಚೇರಿಗೆ ಕರೆಂಟ್ ಬಂದಿತ್ತು.